ಇನ್ನೊಂದೇ ಒಂದು ಡಬ್ಬಿ

ತೂಕ ಸುಮಾರು 3.3 ಗ್ರಾಂ, ಹೆಚ್ಚೂಕಡಿಮೆ ನಮ್ಮ ಜೇಬಿನ ಒಂದು ರೂಪಾಯಿ ನಾಣ್ಯದಷ್ಟು. ಉದ್ದ ಒಂದೇ ಒಂದು ಇಂಚು. ಅಂಗೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎನ್ನಿಸುವ ಈ ಗುಂಡಿನ ಹೆಸರು ಪಾಯಿಂಟ್ ಟೂ ಟೂ ಲಾಂಗ್ ರೈಫಲ್. ಹುಟ್ಟಿದ್ದು 1887ರಲ್ಲಿ, ಅಮೆರಿಕದಲ್ಲಿ. ಅಂದಿನಿಂದ ಇಂದಿನವರೆಗೂ ಅಲ್ಲಿನ ಹವ್ಯಾಸಿ ಗುರಿಕಾರರು ಖಾಲಿ ತಗಡಿನ ಡಬ್ಬಿಗೋ ಕಾಗದದ ವೃತ್ತಕ್ಕೋ ಇದನ್ನು ಹೊಡೆದು ಖುಷಿಪಡುತ್ತಲೇ ಇದ್ದಾರೆ. 500 ಗುಂಡುಗಳ ಪೊಟ್ಟಣಕ್ಕೆ ಅಲ್ಲಿ ‘ಬ್ರಿಕ್’ ಎನ್ನುತ್ತಾರೆ, ಅಂದರೆ ಇಟ್ಟಿಗೆ. ಒಂದು ಇಟ್ಟಿಗೆ 1.7 ಕಿಲೋಗಿಂತ ತುಸು ಕಡಿಮೆ ತೂಗುತ್ತದೆ. ನಮ್ಮ ನಿಜವಾದ ಇಟ್ಟಿಗೆಯ ಅರ್ಧದಷ್ಟು. ಇಲ್ಲಿಯತನಕ ಎಲ್ಲವೂ ಚಿಕ್ಕದೇ. ಈಗ ಕುರ್ಚಿ ಭದ್ರವಾಗಿ ಹಿಡಿದುಕೊಳ್ಳಿ.

2018ರಲ್ಲಿ ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಎಲ್ಲ ಬಗೆಯ ಗುಂಡುಗಳು 810 ಕೋಟಿ. ಇದು ಅಲ್ಲಿನ ಬಂದೂಕು ಉದ್ಯಮದ ಸಂಘಟನೆಯೇ ಕೊಟ್ಟ ಅಂದಾಜು. ಈ ಭೂಮಿಯ ಮೇಲಿರುವ ತೊಟ್ಟಿಲ ಕೂಸಿನಿಂದ ಹಣ್ಣು ಮುದುಕಿಯವರೆಗೆ ತಲೆಗೊಂದರಂತೆ ಹಂಚಿದರೆ ಹೆಚ್ಚೂಕಡಿಮೆ ಸರಿಹೋಗುತ್ತದೆ. ದಿನಕ್ಕೆ 2.2 ಕೋಟಿ. ಸೆಕೆಂಡಿಗೆ 256! ನೀವು ಈ ವಾಕ್ಯವನ್ನು ಓದಿ ಮುಗಿಸುವ ಹೊತ್ತಿಗೆ ಸಾವಿರ ದಾಟಿರುತ್ತದೆ. ಒಂದು ವರ್ಷದ ಈ ರಾಶಿಯನ್ನು ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು, ಎಣಿಸುತ್ತೇನೆಂದು ಒಬ್ಬ ಪುಣ್ಯಾತ್ಮ 1776ರ ಜುಲೈ 4ರಂದು, ಅಂದರೆ ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡ ದಿನವೇ ಕೂತಿದ್ದರೆ, ಅವನ ಎಣಿಕೆ ಮುಗಿಯುವುದು 2033ಕ್ಕೆ.

ಎಲ್ಲವೂ ಅತಿ ಚಿಕ್ಕ ಗುಂಡೇ ಎಂದು ಧಾರಾಳವಾಗಿ ಒಪ್ಪಿಕೊಳ್ಳೋಣ. ಆಗಲೂ ಒಂದರ ಬಾಲಕ್ಕೆ ಇನ್ನೊಂದರ ಮೂಗು ತಾಗಿಸಿ ಜೋಡಿಸಿದರೆ ಎರಡು ಲಕ್ಷ ಕಿಲೋಮೀಟರ್, ಭೂಮಿಗೆ ಐದು ಸುತ್ತು. ತಕ್ಕಡಿಗೆ ಹಾಕಿದರೆ ಸುಮಾರು 26,700 ಟನ್. ಒಂದೊಂದೂ ನಾಲ್ಕು ಟನ್ ತೂಗುವ ಸಲಗಗಳ ಲೆಕ್ಕದಲ್ಲಿ 6,680 ಆನೆ. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಸಿಕ್ಕ ಆನೆಗಳು 6,395. ಅವುಗಳಲ್ಲಿ ಮರಿಗಳೂ ಇದ್ದವು ಎಂಬುದನ್ನು ಮರೆತು, ಎಲ್ಲವನ್ನೂ ಸಲಗವೆಂದೇ ಭಾವಿಸಿ ಬಂಡೀಪುರ, ನಾಗರಹೊಳೆ, ಬಿಳಿಗಿರಿಯಿಂದ ಒಂದನ್ನೂ ಬಿಡದೆ ತಂದು ತಕ್ಕಡಿಯ ಇನ್ನೊಂದು ತಟ್ಟೆಗೆ ಏರಿಸಿದರೂ ಗುಂಡಿನ ತಟ್ಟೆಯೇ ಕೆಳಗೆ! ಅಮೆರಿಕದಲ್ಲಿ ಮನೆಮಾತಾದ ಪಿಸ್ತೂಲಿನ 9 ಎಂ.ಎಂ. ಗುಂಡಾದರೆ ಒಂದೊಂದೂ ಸುಮಾರು 12 ಗ್ರಾಂ. ಎಲ್ಲವನ್ನೂ ಅದೇ ಎಂದು ಭಾವಿಸಿದರೆ 24,000 ಸಲಗ. 2025ರಲ್ಲಿ ಪ್ರಕಟವಾದ ಅಂದಾಜಿನಂತೆ ಇಡೀ ಭಾರತದ ಕಾಡಾನೆಗಳು 22,446. ಆನೆಗಳೇ ಸಾಲಲಿಲ್ಲ.

ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಊರಿನಲ್ಲಿ ಲೇಕ್ ಸಿಟಿ ಎಂಬ ಸರ್ಕಾರಿ ಗುಂಡಿನ ಕಾರ್ಖಾನೆಯಿದೆ. ಶುರುವಾದದ್ದು 1941ರಲ್ಲಿ, ಹರವು 3,935 ಎಕರೆ. ಅದರೊಳಗೆ ಹದಿನಾರು ಲಾಲ್‌ಬಾಗುಗಳನ್ನು ಹಾಸಿ, ಮೇಲೆ ಚೂರು ಜಾಗವನ್ನೂ ಉಳಿಸಬಹುದು. ಇದರ ಸಾಮರ್ಥ್ಯ ವರ್ಷಕ್ಕೆ ಸುಮಾರು 160 ಕೋಟಿ ಗುಂಡು. ಮುಖ್ಯವಾಗಿ ಸೇನೆಗೆ, ಮಿಕ್ಕಿದ್ದು ಹವ್ಯಾಸಿಗಳಿಗೆ.

ಇಷ್ಟೆಲ್ಲ ಇದ್ದೂ ಅಂಗಡಿಯಲ್ಲಿ ಗುಂಡು ಸಿಗಲಿಲ್ಲ ಎಂದರೆ ನಂಬುತ್ತೀರಾ? 2013ರಲ್ಲಿ ಸಿಗಲಿಲ್ಲ. ಹಿಂದಿನ ಡಿಸೆಂಬರಿನಲ್ಲಿ ಕನೆಕ್ಟಿಕಟ್‌ನ ಶಾಲೆಯೊಂದರಲ್ಲಿ ಹತ್ಯಾಕಾಂಡ ನಡೆದು, ಕಾನೂನು ಬಿಗಿಯಾಗುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಜನ ಅಂಗಡಿಗಳಿಗೆ ನುಗ್ಗಿದರು. ವಾಲ್‌ಮಾರ್ಟ್‌ನಲ್ಲಿ ದಿನಕ್ಕೆ ತಲೆಗೆ ಮೂರೇ ಡಬ್ಬಿ ಎಂಬ ಪಡಿತರ ಬಂತು. ಅಮೆರಿಕದಲ್ಲಿ ರೇಷನ್ನು! ಮೂರು–ನಾಲ್ಕು ಸೆಂಟಿಗೆ ಸಿಗುತ್ತಿದ್ದ ಪಾಯಿಂಟ್ ಟೂ ಟೂ ಗುಂಡು ಕೈಯಿಂದ ಕೈಗೆ ಮರುಮಾರಾಟವಾಗುತ್ತ ಹತ್ತು–ಹದಿನೈದು ಸೆಂಟಿಗೇರಿತು. ಹುಡುಗರ ಆಟದ ಗುಂಡು ಎನ್ನಿಸಿಕೊಂಡಿದ್ದಕ್ಕೆ ಬೆಳಗಿನ ಜಾವದ ಸಾಲು. ಸರ್ಕಾರವೇ ಐದು ವರ್ಷಕ್ಕೆಂದು 160 ಕೋಟಿ ಗುಂಡು ಗುಡಿಸಿಕೊಂಡು ಹೋಗುತ್ತಿದೆಯಂತೆ ಎಂಬ ಗಾಳಿಸುದ್ದಿ ಬೇರೆ. ಆ ಸುದ್ದಿ ನಿಜವೇ ಆಗಿದ್ದರೂ ವರ್ಷಕ್ಕೆ 32 ಕೋಟಿ ಆಗುತ್ತಿತ್ತು. 2018ರ ವೇಗದಲ್ಲಿ ಅಷ್ಟನ್ನು ಮಾಡಲು ಕಾರ್ಖಾನೆಗಳಿಗೆ ಬೇಕಾದದ್ದು ಹದಿನೈದೇ ದಿನ. ಕಪಾಟು ಬರಿದು ಮಾಡಿದ್ದು ಸರ್ಕಾರವಲ್ಲ, ‘ಇನ್ನೊಂದೇ ಒಂದು ಡಬ್ಬಿ’ ಎಂದು ಕೈಚಾಚಿದ ಕೋಟ್ಯಂತರ ಜನ ಎಂದೇ ನನ್ನ ಲೆಕ್ಕ.

2013 ಬರೀ ಪೀಠಿಕೆ. 2020 ಬಂತು ನೋಡಿ. ಬಂದೂಕು ಕೊಳ್ಳುವವರ ಹಿನ್ನೆಲೆ ಪರೀಕ್ಷಿಸುವ ಎಫ್‌ಬಿಐ ವ್ಯವಸ್ಥೆಗೆ ಆ ಒಂದೇ ವರ್ಷ ಬಂದ ಕೋರಿಕೆಗಳು 3 ಕೋಟಿ 96 ಲಕ್ಷಕ್ಕೂ ಹೆಚ್ಚು. ಪ್ರತಿ ಕೋರಿಕೆಯೂ ಒಂದು ಬಂದೂಕಿನ ಮಾರಾಟವಲ್ಲ, ನಿಜ. ಆದರೂ ದಿನಕ್ಕೆ ಒಂದು ಲಕ್ಷ ಎಂಟು ಸಾವಿರ! ಜೀವನದಲ್ಲಿ ಮೊದಲ ಬಾರಿ ಬಂದೂಕು ಕೊಂಡವರೇ ಸುಮಾರು 84 ಲಕ್ಷ ಎಂದು ಉದ್ಯಮ ಅಂದಾಜಿಸಿತು. 2011ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರದ ಜನಸಂಖ್ಯೆಯೂ 84 ಲಕ್ಷವೇ. ಮಲ್ಲೇಶ್ವರ, ಜಯನಗರ, ಯಲಹಂಕ ಎನ್ನದೆ ಇಡೀ ಊರು ಎದ್ದು ಒಂದೇ ವರ್ಷದಲ್ಲಿ ಬಂದೂಕಿನ ಅಂಗಡಿಗೆ ಹೋದಂತೆ. ಹೋದವರು ಬರಿಗೈಲಿ ಬರುತ್ತಾರೆಯೇ? ಐವತ್ತರ ಎರಡೆರಡು ಡಬ್ಬಿ ಕೊಂಡರೂ 84 ಕೋಟಿ ಗುಂಡು, ಇಡೀ ದೇಶದ 38 ದಿನಗಳ ಉತ್ಪಾದನೆ. ಹಳಬರು ಇನ್ನೂ ಸಾಲಿನಲ್ಲಿ ನಿಂತೇ ಇದ್ದಾರೆ. ಫೆಡರಲ್, ಸಿಸಿಐ, ರೆಮಿಂಗ್ಟನ್ ಗುಂಡುಗಳ ಒಡೆಯನಾಗಿದ್ದ ವಿಸ್ಟಾ ಔಟ್‌ಡೋರ್ ಕಂಪನಿಯ ಬಳಿ ಆ ವರ್ಷದ ಕೊನೆಗೆ ಪೂರೈಸಲಾಗದೆ ಉಳಿದ ಬೇಡಿಕೆಯ ಬೆಲೆಯೇ 100 ಕೋಟಿ ಡಾಲರ್ ಮೀರಿತ್ತು.

ಇಪ್ಪತ್ತು ಸೆಂಟಿನೊಳಗೆ ಸಿಗುತ್ತಿದ್ದ 9 ಎಂ.ಎಂ. ಗುಂಡು 2021ರ ಆರಂಭದಲ್ಲಿ ಎಪ್ಪತ್ತು ಸೆಂಟು ದಾಟಿತು. ಹದಿನೈದು ಗುಂಡಿನ ಮ್ಯಾಗಜೀನ್ ಖಾಲಿ ಮಾಡಲು ಹತ್ತು ಸೆಕೆಂಡು ಸಾಕು. ಹಾಗಾದರೆ ಹತ್ತು ಸೆಕೆಂಡಿಗೆ ಹತ್ತೂವರೆ ಡಾಲರ್, ಆಗಿನ ನಮ್ಮ ಲೆಕ್ಕದಲ್ಲಿ ಏಳುನೂರೈವತ್ತು ರೂಪಾಯಿಯ ಮೇಲೆ. ಮನೆಯಲ್ಲೇ ಖಾಲಿ ತೋಟಾಗಳಿಗೆ ಮದ್ದು ತುಂಬಿಕೊಳ್ಳುವ ಜಾಣರೂ ಬಚಾವಾಗಲಿಲ್ಲ. ಮದ್ದಿಗೆ ಕಿಡಿ ಹೊತ್ತಿಸುವ, ತೊಗರಿಬೇಳೆಯಷ್ಟಗಲದ ಪ್ರೈಮರ್ ಸಾವಿರಕ್ಕೆ 30 ಡಾಲರ್ ಇದ್ದದ್ದು ನೂರು ದಾಟಿತು. ಅಂಥ 10,000 ಪ್ರೈಮರ್‌ಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು ಎನ್ನುತ್ತದೆ ಅಲ್ಲಿನ ಅಗ್ನಿಸುರಕ್ಷೆಯ ಸಂಹಿತೆ. ಹತ್ತು ಸಾವಿರ!

ಇನ್ನು ತುಂಬಿದ ಗುಂಡು ಎಷ್ಟು ಇಟ್ಟುಕೊಳ್ಳಬಹುದು? ಒಬ್ಬ ನಾಗರಿಕನ ಬಳಿ ಇಷ್ಟೇ ಇರಬೇಕೆಂಬ ಮಿತಿ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಇಲ್ಲ. ಬಂದೂಕಿಗೆ ಸಾವಿರ ಗುಂಡಾದರೂ ಮನೆಯಲ್ಲಿರಲಿ ಎಂಬುದು ಹವ್ಯಾಸಿಗಳ ನಡುವೆ ಓಡಾಡುವ ಮಾತು. ಕೇಳಲು ಎಷ್ಟು ಮಿತವಾಗಿದೆ! 9 ಎಂ.ಎಂ. ಆದರೆ ಸಾವಿರಕ್ಕೆ ಹನ್ನೆರಡು ಕಿಲೋ, ಅಡುಗೆ ಸಿಲಿಂಡರಿನೊಳಗಿನ ಗ್ಯಾಸಿಗಿಂತ ಕಡಿಮೆ. ಮಂಚದ ಕೆಳಗೆ ತಳ್ಳಿದರೆ ಮುಗಿಯಿತು.

ಈಗ ಗುಣಿಸಿ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದ ನಾಗರಿಕರ ಬಳಿ ಇರುವ ಬಂದೂಕುಗಳು 39.3 ಕೋಟಿ. ನೂರು ಜನಕ್ಕೆ ನೂರಿಪ್ಪತ್ತು. (ಎರಡನೇ ಸ್ಥಾನದಲ್ಲಿ ಯಾರು ಗೊತ್ತೇ? ನಾವೇ, 7.1 ಕೋಟಿ.) ಒಂದೊಂದಕ್ಕೂ ಐವತ್ತರ ಒಂದೇ ಡಬ್ಬಿ ಕೊಟ್ಟರೆ 1,965 ಕೋಟಿ ಗುಂಡು, ಎರಡು ವರ್ಷ ಐದು ತಿಂಗಳ ಉತ್ಪಾದನೆ. ಸಾವಿರದ ಆ ಮಾತನ್ನು ಎಲ್ಲರೂ ಪಾಲಿಸಿದರೆ? 39,300 ಕೋಟಿ. ಕಾರ್ಖಾನೆಗಳು ಒಂದು ಗುಂಡನ್ನೂ ಹೊರಗೆ ಹಾರಲು ಬಿಡದೆ ನಲವತ್ತೆಂಟೂವರೆ ವರ್ಷ ದುಡಿಯಬೇಕು. ಇಂಚಿನ ಗುಂಡನ್ನೇ ಸಾಲಾಗಿ ಜೋಡಿಸಿದರೂ ಒಂದು ಕೋಟಿ ಕಿಲೋಮೀಟರಿಗೆ ಕೂದಲೆಳೆಯಷ್ಟು ಕಡಿಮೆ: ಚಂದ್ರನಲ್ಲಿಗೆ ಹೋಗಿ ಬಂದು, ಹೋಗಿ ಬಂದು, ಹದಿಮೂರು ಸಲ.

ನಮ್ಮ ಕೊಡಗಿನಲ್ಲಿ ಗುಂಡಿಗೆ ಬೇರೆಯೇ ಲೆಕ್ಕವಿದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳಿಗೆ ಪೂಜೆ, ತೋಕ್ ಪೂ ಎಂಬ ಹೂವಿನ ಅಲಂಕಾರ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ಎಲ್ಲ ಸರಿ. ಆದರೆ ಸಂಪ್ರದಾಯದ ಎಣಿಕೆ ಬಿಗಿ: ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಒಂದು ಬಾಳಿಗೆ ಒಟ್ಟು ಮೂರು. ಗಂಡು ಹೆಣ್ಣೆಂಬ ಭೇದ ಬಿಟ್ಟು, ಈ ಮರ್ಯಾದೆಯನ್ನು ಇಡೀ ಮನುಷ್ಯಕುಲಕ್ಕೇ ಸಲ್ಲಿಸುತ್ತೇವೆಂದು ಹೊರಟರೆ ಆ 39,300 ಕೋಟಿ ಗುಂಡು 13,100 ಕೋಟಿ ಬಾಳುಗಳಿಗೆ ಸಾಕು. ಮನುಷ್ಯನೆಂಬ ಪ್ರಾಣಿ ಭೂಮಿಗೆ ಬಂದ ದಿನದಿಂದ ಈವರೆಗೆ ಹುಟ್ಟಿದವರೆಲ್ಲ ಸೇರಿ, ಜನಸಂಖ್ಯಾ ತಜ್ಞರ ಅಂದಾಜಿನಂತೆ, ಸುಮಾರು 11,700 ಕೋಟಿ. ಗುಹೆಯಲ್ಲಿದ್ದವರು, ಪಿರಮಿಡ್ ಕಟ್ಟಿದವರು, ಈಗ ಈ ಪುಟ ಓದುತ್ತಿರುವ ನೀವು, ಎಲ್ಲರ ಹುಟ್ಟು ಸಾವಿಗೂ ಹಾರಿಸಿದ ಮೇಲೆ ಪೆಟ್ಟಿಗೆಯ ತಳದಲ್ಲಿ ಇನ್ನೂ 1,400 ಕೋಟಿ ಜನರ ಪಾಲಿನ ಗುಂಡು ಉಳಿದಿರುತ್ತದೆ.