ಬೆಕ್ಕು ನಾಲ್ಕು ಕಾಲಿನ ಮೇಲೆಯೇ ಬೀಳುತ್ತದೆ. ಆಮೇಲೆ?

"ಟೀಚರೇ, ಬೆಕ್ಕು ಎಷ್ಟು ಮೇಲಿನಿಂದ ಬಿದ್ದರೂ ಸಾಯುವುದಿಲ್ಲವಂತೆ, ಹೌದಾ?"

ಚಲನೆಯ ಸಮೀಕರಣಗಳ ಪಾಠ ಮುಗಿಸಿ ಪುಸ್ತಕ ಮುಚ್ಚುವ ಹೊತ್ತಿಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಸುಮ್ಮನೆ ಕೇಳಿದ್ದಲ್ಲ. ಅವಳ ಮನೆಯ ಬೆಕ್ಕು ಮರಿ ಹಾಕಿತ್ತು. ಓಣಂ ರಜೆಗೆ ಊರಿಗೆ ಬಂದ ಅಕ್ಕ, ಭಾವ ಒಂದು ಮರಿಯನ್ನು ಮುಂಬೈಗೆ ಕೊಂಡುಹೋಗುತ್ತೇವೆ ಅಂದಿದ್ದರು. ಅವರ ಫ್ಲಾಟ್ ಇರುವುದು ಒಂಬತ್ತನೇ ಮಾಳಿಗೆಯಲ್ಲಿ. ಬಾಲ್ಕನಿಗೆ ಬಲೆ ಹಾಕಿಸಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ. "ಬೆಕ್ಕಿಗೆ ಎಂಥಕ್ಕೆ ಬಲೆ? ಅದು ಬಿದ್ದರೂ ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ" ಎಂಬುದು ಭಾವನ ವಾದ.

ಕಾಸರಗೋಡಿನ ಕಡೆ ನಮ್ಮಲ್ಲಿ ಹೆಚ್ಚಿನವರ ಮನೆ ನೆಲಕ್ಕೆ ಅಂಟಿಕೊಂಡೇ ಇದೆ. ಬೆಕ್ಕು ಹಂಚಿನ ಮಾಡಿನ ಮೇಲೆ ನಡೆಯುತ್ತದೆ, ಪಕ್ಕಾಸಿನ ಮೇಲೆ ಮಲಗುತ್ತದೆ, ಬೇಕೆನಿಸಿದರೆ ಮಾವಿನ ಮರ ಹತ್ತುತ್ತದೆ. ಬಿದ್ದದ್ದನ್ನು ನಾವು ನೋಡಿದ್ದೇ ಕಡಿಮೆ, ಬಿದ್ದರೂ ಎದ್ದು ಮೈ ನೆಕ್ಕಿಕೊಂಡು ಹೋದದ್ದನ್ನೇ ನೋಡಿದ್ದೇವೆ. ಹಾಗಾಗಿ ಭಾವನ ಮಾತು ನಂಬುವಂತೆಯೇ ಇದೆ. ಅದರಲ್ಲಿ ಅರ್ಧ ಸತ್ಯವೂ ಇದೆ. ಮೊದಲು ಆ ಅರ್ಧವನ್ನೇ ನೋಡುವ.

ಬೆಕ್ಕು ತಲೆಕೆಳಗಾಗಿ ಬಿದ್ದರೂ ಗಾಳಿಯಲ್ಲೇ ತಿರುಗಿ ಕಾಲು ಕೆಳಗೆ ಮಾಡಿಕೊಳ್ಳುತ್ತದೆ. ಇದು ಹೇಗೆ ಸಾಧ್ಯ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳೇ ತಲೆ ಕೆಡಿಸಿಕೊಂಡಿದ್ದರು. ನೆಲಕ್ಕೋ ಗೋಡೆಗೋ ಒತ್ತು ಕೊಡದೆ ಬರಿಯ ಗಾಳಿಯಲ್ಲಿ ಮೈ ತಿರುಗಿಸಲು ಹೇಗಾಗುತ್ತದೆ? 1894ರಲ್ಲಿ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಬೀಳುವ ಬೆಕ್ಕಿನ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ತೆಗೆದು ತೋರಿಸಿದರು. ಬೆಕ್ಕು ಇಡೀ ಮೈಯನ್ನು ಒಂದೇ ಸಲ ತಿರುಗಿಸುವುದಿಲ್ಲ. ನಡುವಿನಲ್ಲಿ ಬಾಗಿ, ಮುಂಗಾಲನ್ನು ಎದೆಗೆ ಒತ್ತಿಕೊಂಡು ಮುಂದಿನ ಅರ್ಧವನ್ನು ತಿರುಗಿಸುತ್ತದೆ. ಆಗ ಹಿಂಗಾಲು ಚಾಚಿಕೊಂಡಿರುತ್ತದೆ. ಚಾಚಿದ ಭಾಗವನ್ನು ತಿರುಗಿಸುವುದು ಕಷ್ಟವಾದ್ದರಿಂದ ಅದು ಎದುರು ದಿಕ್ಕಿಗೆ ಸ್ವಲ್ಪವೇ ತಿರುಗುತ್ತದೆ. ಆಮೇಲೆ ಇದನ್ನೇ ಅದಲುಬದಲು ಮಾಡುತ್ತದೆ: ಮುಂಗಾಲು ಚಾಚಿ, ಹಿಂಗಾಲು ಮಡಚಿ, ಹಿಂದಿನ ಅರ್ಧವನ್ನು ತಿರುಗಿಸುತ್ತದೆ. ಒಟ್ಟು ಕೋನೀಯ ಸಂವೇಗ ಮೊದಲೂ ಸೊನ್ನೆ, ಕೊನೆಗೂ ಸೊನ್ನೆ. ಆದರೂ ಬೆಕ್ಕು ತಿರುಗಿಬಿಟ್ಟಿರುತ್ತದೆ! ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳುವುದು ಒಳಕಿವಿಯಲ್ಲಿರುವ ಸಮತೋಲನದ ಅಂಗ. ಬಳುಕುವ ಬೆನ್ನುಮೂಳೆ ಉಳಿದ ಕೆಲಸ ಮಾಡುತ್ತದೆ.

ಈ ವಿದ್ಯೆ ಹುಟ್ಟಿದ ಕೂಡಲೇ ಬರುವುದಿಲ್ಲ. ಮೂರು ನಾಲ್ಕು ವಾರಕ್ಕೆ ಶುರುವಾಗಿ, ಆರೇಳು ವಾರಕ್ಕೆ ಪಳಗುತ್ತದೆ. ಮುಂಬೈಗೆ ಹೊರಟ ಮರಿ ಅಷ್ಟನ್ನು ಆಗಷ್ಟೇ ಕಲಿತಿರಬಹುದಾದ ಪ್ರಾಯದ್ದು.

ಈಗ ಉಳಿದ ಅರ್ಧ. ತಿರುಗಿದ್ದಾಯಿತು, ನಾಲ್ಕು ಕಾಲೂ ಕೆಳಗಾಯಿತು. ನೆಲ ಬರುತ್ತದಲ್ಲ?

ಒಂದು ಮಾಳಿಗೆಗೆ 3 ಮೀಟರ್ ಅಂತ ಹಿಡಿಯಿರಿ. ಎರಡನೇ ಮಾಳಿಗೆ 6 ಮೀಟರ್, ಒಂಬತ್ತನೇ ಮಾಳಿಗೆ 27 ಮೀಟರ್. v² = 2gh ನಿಮಗೆ ಗೊತ್ತೇ ಇದೆ. ಗಾಳಿಯ ತಡೆಯನ್ನು ಸದ್ಯ ಮರೆತರೆ, ಎರಡನೇ ಮಾಳಿಗೆಯಿಂದ ಬಿದ್ದ ಬೆಕ್ಕು ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 10.8 ಮೀಟರ್, ಎಂದರೆ ಗಂಟೆಗೆ 39 ಕಿಲೋಮೀಟರ್ ವೇಗ. ಒಂಬತ್ತನೆಯದರಿಂದ ಸೆಕೆಂಡಿಗೆ 23 ಮೀಟರ್, ಗಂಟೆಗೆ ಸುಮಾರು 83 ಕಿಲೋಮೀಟರ್. ನಮ್ಮ ರಸ್ತೆಯಲ್ಲಿ ಬಸ್ಸು ಕೂಡ ಅಷ್ಟು ಜೋರಾಗಿ ಓಡುವುದಿಲ್ಲ. 4 ಕಿಲೋ ತೂಕದ ಬೆಕ್ಕಾದರೆ ಅದರ ಚಲನ ಶಕ್ತಿ ಮೊದಲನೆಯದರಲ್ಲಿ 235 ಜೂಲ್, ಎರಡನೆಯದರಲ್ಲಿ 1058 ಜೂಲ್. ಇಷ್ಟೂ ಶಕ್ತಿ ಕಾಲು, ಎದೆ, ದವಡೆಗಳಲ್ಲಿ ಕರಗಬೇಕು. ಬೀಳಲು ಹಿಡಿಯುವ ಸಮಯ? ಎರಡೂವರೆ ಸೆಕೆಂಡ್ ಕೂಡ ಇಲ್ಲ. ನೀವು "ಅಯ್ಯೋ ಬೆಕ್ಕು" ಅನ್ನುವುದರೊಳಗೆ ಮುಗಿಯಿತು.

ಗಾಳಿಯ ತಡೆ ಸ್ವಲ್ಪ ಸಹಾಯ ಮಾಡುತ್ತದೆ, ಅದನ್ನು ಒಪ್ಪಬೇಕು. ಬೀಳುವ ವಸ್ತುವಿನ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚಿ, ಕೊನೆಗೆ ಎರಡೂ ಬಲ ಸಮವಾಗಿ ವೇಗ ಏರುವುದು ನಿಲ್ಲುತ್ತದೆ. ಇದಕ್ಕೆ ಅಂತಿಮ ವೇಗ ಎನ್ನುತ್ತಾರೆ. ಮನುಷ್ಯನಿಗೆ ಅದು ಗಂಟೆಗೆ ಸುಮಾರು 190 ಕಿಲೋಮೀಟರ್, ಬೆಕ್ಕಿಗೆ ಸುಮಾರು 97. ಹಗುರ ಮೈ, ಹರಡಿದ ಕಾಲು, ಸಡಿಲ ಚರ್ಮ ಇದಕ್ಕೆ ಕಾರಣ. (ಘಟ್ಟದ ಕಾಡಿನಲ್ಲಿ ಮರದಿಂದ ಮರಕ್ಕೆ ತೇಲುವ 'ಹಾರುಬೆಕ್ಕು' ಬೆಕ್ಕೇ ಅಲ್ಲ, ದೊಡ್ಡ ಅಳಿಲು. ಅದಕ್ಕೆ ಕಾಲುಗಳ ನಡುವೆ ಚರ್ಮದ ಹಾಳೆಯೇ ಇದೆ. ಮನೆಯ ಬೆಕ್ಕಿಗೆ ಅದಿಲ್ಲ.) ಆದರೆ 97 ಕಿಲೋಮೀಟರ್ ಎನ್ನುವುದೇನು ಸಣ್ಣ ವೇಗವಾ?

ಇಲ್ಲೇ ಒಂದು ಪ್ರಸಿದ್ಧ ಲೆಕ್ಕ ಬರುತ್ತದೆ. ಭಾವನಂಥವರು ಹೇಳುವ ಮಾತಿಗೆ ಬಲ ಕೊಟ್ಟದ್ದೂ ಇದೇ. ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದಕ್ಕೆ ಐದು ತಿಂಗಳಲ್ಲಿ ಎತ್ತರದಿಂದ ಬಿದ್ದ 132 ಬೆಕ್ಕುಗಳು ಬಂದವು. ವಿಟ್ನಿ ಮತ್ತು ಮೆಲ್‌ಹಾಫ್ ಎಂಬ ಇಬ್ಬರು ಪಶುವೈದ್ಯರು 1987ರಲ್ಲಿ ಅವುಗಳ ವರದಿ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ 100ಕ್ಕೆ 90 ಬದುಕಿದವು. 32ನೇ ಮಾಳಿಗೆಯಿಂದ ಬಿದ್ದದ್ದೂ ಒಂದು ಬದುಕಿತ್ತು. ಇನ್ನೂ ವಿಚಿತ್ರವೆಂದರೆ, ಸುಮಾರು ಏಳನೇ ಮಾಳಿಗೆಯವರೆಗೆ ಗಾಯ ಹೆಚ್ಚುತ್ತಾ ಹೋಗಿ, ಅದಕ್ಕಿಂತ ಮೇಲಿನಿಂದ ಬಿದ್ದವುಗಳಲ್ಲಿ ಕಡಿಮೆಯಾದಂತೆ ಕಂಡಿತು. ಮೇಲಿನಿಂದ ಬಿದ್ದಷ್ಟೂ ಒಳ್ಳೆಯದು ಎಂಬ ಹಾಗೆ!

ಮಕ್ಕಳೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಆಸ್ಪತ್ರೆಗೆ ಯಾವ ಬೆಕ್ಕನ್ನು ಕೊಂಡುಹೋಗುತ್ತಾರೆ? ಜೀವ ಇರುವುದನ್ನು. ಹದಿನೈದನೇ ಮಾಳಿಗೆಯಿಂದ ಬಿದ್ದು ಅಲ್ಲೇ ಸತ್ತದ್ದನ್ನು ಯಾರು ವೈದ್ಯರ ಹತ್ತಿರ ಒಯ್ಯುತ್ತಾರೆ? ಅದು ಲೆಕ್ಕಕ್ಕೇ ಬರುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಸಿಹಿ ಹಂಚಲು ಶಾಲೆಗೆ ಬಂದವರನ್ನು ಮಾತ್ರ ಎಣಿಸಿ "ಎಲ್ಲರೂ ಪಾಸು" ಅಂದರೆ ಹೇಗಿರುತ್ತದೋ, ಹಾಗೆ. ಎತ್ತರ ಹೆಚ್ಚಿದಷ್ಟೂ ಸತ್ತು ಲೆಕ್ಕದಿಂದ ತಪ್ಪಿದವು ಹೆಚ್ಚಾಗಿರಬಹುದು, ಉಳಿದು ಬಂದವು ಗಟ್ಟಿಮುಟ್ಟಾಗಿ ಕಾಣಬಹುದು. ವರದಿ ಬಂದಾಗಿನಿಂದ ಅನೇಕರು ಎತ್ತಿದ ಆಕ್ಷೇಪ ಇದು. ವೈದ್ಯರು ಸುಳ್ಳು ಹೇಳಿದರು ಎಂದಲ್ಲ. ಅವರ ಮುಂದೆ ಬಂದದ್ದನ್ನು ಅವರು ಎಣಿಸಿದರು. ಬಾರದೇ ಇದ್ದದ್ದರ ಬಗ್ಗೆ ಕೇಳಬೇಕಾದವರು ಓದುವ ನಾವು.

ಆಮೇಲೆ ಕ್ರೊವೇಷಿಯಾ ದೇಶದ ಝಾಗ್ರೆಬ್ ನಗರದಲ್ಲಿ ಇಂಥ 119 ಬೆಕ್ಕುಗಳನ್ನು ನೋಡಿ 2004ರಲ್ಲಿ ಇನ್ನೊಂದು ವರದಿ ಬಂತು. ಅಲ್ಲೂ ಬಹುಪಾಲು ಬದುಕಿದವು. ಆದರೆ ಏಳನೇ ಮಾಳಿಗೆ ಮತ್ತು ಅದಕ್ಕಿಂತ ಮೇಲಿನಿಂದ ಬಿದ್ದವುಗಳಿಗೆ ಗಾಯ ಹೆಚ್ಚೇ ಆಗಿತ್ತು, ಎದೆಯ ಪೆಟ್ಟೂ ಹೆಚ್ಚು. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಅಂಕಿ: ಬಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ವರ್ಷದೊಳಗಿನ ಮರಿಗಳು.

ಇನ್ನು "ಬದುಕಿತು" ಎಂಬ ಪದವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ನ್ಯೂಯಾರ್ಕಿನ ಬೆಕ್ಕುಗಳಲ್ಲಿ 100ಕ್ಕೆ 90ಕ್ಕೆ ಎದೆಗೆ ಒಂದಲ್ಲ ಒಂದು ಪೆಟ್ಟು ಬಿದ್ದಿತ್ತು. ಕಾಲು ನೆಲಕ್ಕೆ ಬಡಿದು ಮಡಚಿದ ಮೇಲೆ ಎದೆ, ಗಲ್ಲ ಬಡಿಯುತ್ತವೆ. ದವಡೆ ಸೀಳುತ್ತದೆ, ಬಾಯಿಯ ಅಂಗಳ ಒಡೆಯುತ್ತದೆ. ಕೆಲವಕ್ಕೆ ಶ್ವಾಸಕೋಶ ಒಡೆದು ಗಾಳಿ ಎದೆಗೂಡಿನೊಳಗೆ ತುಂಬಿಕೊಂಡು, ಶ್ವಾಸಕೋಶಕ್ಕೆ ಹಿಗ್ಗಲು ಜಾಗವೇ ಇಲ್ಲದಂತಾಗುತ್ತದೆ. ಹೊರಗಿನಿಂದ ನೋಡಿದರೆ ಒಂದು ಗೀರೂ ಇರಲಿಕ್ಕಿಲ್ಲ! ಎದ್ದು ನಡೆದು ಮೂಲೆಯಲ್ಲಿ ಅಡಗಿ ಕುಳಿತ ಬೆಕ್ಕನ್ನು ನೋಡಿ ಮನೆಯವರು "ಏನೂ ಆಗಿಲ್ಲ" ಅನ್ನುತ್ತಾರೆ.

ಮರ ಹತ್ತುವ ಪ್ರಾಣಿ ಬಾಲ್ಕನಿಯಿಂದ ಬೀಳುವುದಾದರೂ ಯಾಕೆ? ಮರದ ತೊಗಟೆಗೆ ಉಗುರು ಇಳಿಯುತ್ತದೆ, ಹಿಡಿತ ಸಿಗುತ್ತದೆ. ಗ್ರಾನೈಟ್ ಹಾಸಿದ ಕಟ್ಟೆ, ಅಲ್ಯೂಮಿನಿಯಂ ಕಿಟಕಿ, ಸ್ಟೀಲಿನ ರೇಲಿಂಗ್‌ಗೆ ಉಗುರು ಇಳಿಯುತ್ತದಾ? ಜಾರಿದರೆ ಜಾರಿದ್ದೇ. ಅದರ ಮೇಲೆ ಪಾರಿವಾಳ. ನಗರದ ಫ್ಲಾಟುಗಳಲ್ಲಿ ಪಾರಿವಾಳಕ್ಕೆ ಬರವಿಲ್ಲ. ಹಕ್ಕಿಯ ಮೇಲೆ ಕಣ್ಣು ನೆಟ್ಟ ಬೆಕ್ಕಿಗೆ ಎಷ್ಟನೇ ಮಾಳಿಗೆ ಎಂಬ ನೆನಪಿರುವುದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವೆ. ಇಲ್ಲಿ ಎರಡೂ ಬೆಕ್ಕಿಗೇ.

ಹಾಗಾಗಿ ಆ ಹುಡುಗಿಗೆ ನಾನು ಹೇಳಿದ್ದು: ಬಲೆ ಹಾಕಿಸಿದ ಮೇಲೆ ಮರಿಯನ್ನು ಕಳಿಸು, ಮೊದಲೇ ಅಲ್ಲ. ಯಾವ ಬಲೆ ಎಂಬುದೂ ಮುಖ್ಯ. ಮರಿಯ ತಲೆ ತೂರಿದರೆ ಮೈಯೂ ತೂರುತ್ತದೆ. ಬೆಕ್ಕಿನ ಕೊರಳೆಲುಬು ತೀರಾ ಸಣ್ಣದು, ಬೇರೆ ಎಲುಬಿಗೆ ಜೋಡಿಸಿಕೊಂಡಿಲ್ಲ, ಹೆಗಲು ಕುಗ್ಗುತ್ತದೆ. ಈಗ ಕೆಲವರು ಬಾಲ್ಕನಿಗೆ ಮೇಲಿಂದ ಕೆಳಗೆ ತೆಳು ಸ್ಟೀಲ್ ತಂತಿ ಬಿಗಿಸುತ್ತಾರೆ. ನೋಡಲು ಚೆಂದ, ಮನುಷ್ಯರಿಗೆ ಸಾಕು, ಆದರೆ ಎರಡು ತಂತಿಯ ನಡುವೆ ಮರಿ ನುಸುಳಬಹುದು. ನೈಲಾನ್ ಬಲೆ ಒಳ್ಳೆಯದೇ, ಆದರೆ ಬಿಸಿಲಿನ ಅತಿನೇರಳೆ ಕಿರಣ ಅದನ್ನು ವರ್ಷದಿಂದ ವರ್ಷಕ್ಕೆ ಪುಡಿಪುಡಿ ಮಾಡುತ್ತದೆ. ನಿಮ್ಮಲ್ಲಿ ಮೀನುಗಾರರ ಮನೆಯ ಮಕ್ಕಳಿದ್ದರೆ, ಬಿಸಿಲಿಗೆ ಬಿದ್ದ ಹಳೇ ಬಲೆ ಹೇಗೆ ಹರಿಯುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತು. ಮಳೆಗಾಲ ಕಳೆದ ಮೇಲೊಮ್ಮೆ ಕೈಯಿಂದ ಎಳೆದು ನೋಡಬೇಕು, ಕೊಕ್ಕೆ ತುಕ್ಕು ಹಿಡಿದಿದೆಯೋ ನೋಡಬೇಕು. ಸೊಳ್ಳೆ ಪರದೆ ಇದೆ, ಸಾಕು ಅನ್ನಬೇಡಿ. ಅದು ರಬ್ಬರಿನ ಪಟ್ಟಿಯಲ್ಲಿ ಸಿಕ್ಕಿಸಿದ್ದು, ಬೆಕ್ಕು ಒರಗಿದರೆ ಕಿತ್ತು ಬರುತ್ತದೆ.

ಬಿದ್ದೇಬಿಟ್ಟರೆ? ಕಾಲು ಹಿಡಿದು ಎತ್ತಬಾರದು. ಒಂದು ಹಲಗೆ ಅಥವಾ ದಪ್ಪ ರಟ್ಟಿನ ಮೇಲೆ ಮೆಲ್ಲಗೆ ಸರಿಸಿ, ಗಾಳಿ ಆಡುವ ಪೆಟ್ಟಿಗೆಯಲ್ಲಿಟ್ಟು ನೇರ ಪಶುವೈದ್ಯರ ಹತ್ತಿರ. ನಡೆದಾಡುತ್ತಿದ್ದರೂ ಸರಿ. ನೀರು, ಹಾಲು ಕುಡಿಸಬಾರದು. ಬಾಯಿ ತೆರೆದು ಉಸಿರಾಡುತ್ತಿದ್ದರೆ ಒಂದು ನಿಮಿಷವೂ ಕಾಯಬಾರದು. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ, ಆದ್ದರಿಂದ ದಪ್ಪ ಟವೆಲ್ ಇರಲಿ. ಕಚ್ಚಿದರೆ ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು, ಇದು ಬೆಕ್ಕಿನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ರಜೆಗೆ ಫ್ಲಾಟಿಗೆ ಹೋದಾಗ ಬೆಕ್ಕು ಹೊರಗಿನ ಸಜ್ಜಾದ ಮೇಲೆ ಸಿಕ್ಕಿಹಾಕಿಕೊಂಡು ಕೂಗುತ್ತಿದೆ ಅನ್ನಿ. ರೇಲಿಂಗ್ ದಾಟಿ ಕೈ ಚಾಚಲೇಬೇಡಿ. ನಿಮಗೆ ಗಾಳಿಯಲ್ಲಿ ತಿರುಗಲು ಬರುವುದಿಲ್ಲ, ನಿಮ್ಮ ತೂಕ ಬೆಕ್ಕಿನ ಹತ್ತು ಪಟ್ಟು. ದೊಡ್ಡವರನ್ನು ಕರೆಯಿರಿ, ಅವರು 101ಕ್ಕೆ ಫೋನು ಮಾಡಿ ಅಗ್ನಿಶಾಮಕ ದಳದವರನ್ನು ಕರೆಸಲಿ.

ನಾಯಿಗೆ ಬೆಕ್ಕಿನ ಹಾಗೆ ತಿರುಗುವ ವಿದ್ಯೆ ಇಲ್ಲ. ಪಟಾಕಿ ಸದ್ದಿಗೆ ಬೆದರಿ ಕಂಡಲ್ಲಿ ಹಾರುವ ನಾಯಿಗಳಿವೆ, ದೀಪಾವಳಿಯ ರಾತ್ರಿ ಬಾಲ್ಕನಿ ಬಾಗಿಲು ಮುಚ್ಚಿರಲಿ. ಅದಕ್ಕೆ ಲಿಫ್ಟಿನಲ್ಲೂ ಅಪಾಯವಿದೆ. ನಾಯಿ ಒಳಗೆ, ಹಗ್ಗ ಹಿಡಿದವರು ಹೊರಗೆ ಇರುವಾಗ ಬಾಗಿಲು ಮುಚ್ಚಿದರೆ ತೆಳು ಹಗ್ಗ ಬಾಗಿಲಿನ ಸೆನ್ಸರಿಗೆ ಕಾಣದೇ ಹೋಗಬಹುದು. ಲಿಫ್ಟ್ ಹೊರಟರೆ ಕುತ್ತಿಗೆಯ ಪಟ್ಟಿಯೇ ಉರುಳಾಗುತ್ತದೆ. ಹಗ್ಗವನ್ನು ಗಿಡ್ಡವಾಗಿ ಕೈಗೆ ಸುತ್ತಿಕೊಳ್ಳದೆ, ಗಿಡ್ಡವಾಗಿ ಹಿಡಿದುಕೊಂಡು, ನಾಯಿಯ ಜೊತೆಗೇ ಒಳಗೆ ಹೋಗಬೇಕು. ಸಣ್ಣ ನಾಯಿಯಾದರೆ ಎತ್ತಿಕೊಂಡರಾಯಿತು.

ವಿಜ್ಞಾನ ಕ್ಲಬ್ಬಿನವರಿಗೆ ಒಂದು ಕೆಲಸ. ಮಂಗಳೂರು, ಬೆಂಗಳೂರು, ಮುಂಬೈ ಎಂದು ಫ್ಲಾಟಿನಲ್ಲಿರುವ ನೆಂಟರಿಗೆ ಫೋನು ಮಾಡಿ ಕೇಳಿ: ಎಷ್ಟನೇ ಮಾಳಿಗೆ, ಬೆಕ್ಕು ನಾಯಿ ಇದೆಯಾ, ಬಲೆ ಇದೆಯಾ, ಯಾವಾಗಲಾದರೂ ಬಿದ್ದದ್ದುಂಟಾ? ಉತ್ತರ ಪಟ್ಟಿ ಮಾಡುವಾಗ ಇನ್ನೊಂದು ಕಾಲಂ ಎಳೆಯಿರಿ: "ಮೊದಲು ಇತ್ತು, ಈಗ ಇಲ್ಲ." ಯಾಕೆ ಇಲ್ಲ ಎಂದು ಕೇಳಿ ಅದರಲ್ಲಿ ಬರೆಯಿರಿ.