ಕಾರ್ಡ್ ಹೊಸದು, ವಿಡಿಯೊ ಯಾಕೆ ತಡವರಿಸುತ್ತದೆ?

ಕಂಪನಿಗಳು ಬಳಸಿ ಕೈಬಿಟ್ಟ ಡೆಸ್ಕ್‌ಟಾಪ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗಿರಾಕಿಗಳ ಕೊರತೆಯಿಲ್ಲ. ಮೂರನೆಯ ಅಥವಾ ನಾಲ್ಕನೆಯ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್, ಹೊಸದಾಗಿ ಹಾಕಿಸಿದ ಒಂದು ಎಸ್‌ಎಸ್‌ಡಿ ಇದ್ದರೆ ಲೆಕ್ಕಪತ್ರಕ್ಕೆ, ಮಕ್ಕಳ ಆನ್‌ಲೈನ್ ಪಾಠಕ್ಕೆ, ಬ್ಯಾಂಕಿನ ಕೆಲಸಕ್ಕೆ ಧಾರಾಳವಾಯಿತು. ತೊಡಕು ಶುರುವಾಗುವುದು ಯೂಟ್ಯೂಬ್‌ನಲ್ಲಿ 4ಕೆ ವಿಡಿಯೊ ಹಾಕಿದಾಗ. ಚಿತ್ರ ತಡೆತಡೆದು ಓಡುತ್ತದೆ, ಫ್ಯಾನು ಅರಚುತ್ತದೆ, ಮೌಸ್ ಕೂಡ ಮಾತು ಕೇಳುವುದಿಲ್ಲ. ‘ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಿ, ಸರಿಹೋಗುತ್ತೆ’ ಎಂಬ ಸಲಹೆ ಬರುತ್ತದೆ. ಹಾಕಿಸಿದ ಮೇಲೂ ಸರಿಹೋಗದಿದ್ದರೆ ಗಿರಾಕಿ ಅಂಗಡಿಯವರನ್ನು ಬೈಯುತ್ತಾನೆ, ಅಂಗಡಿಯವರು ಇಂಟರ್ನೆಟ್ಟನ್ನು ಬೈಯುತ್ತಾರೆ. ‘ಎಷ್ಟು ಜಿಬಿ ಕಾರ್ಡು?’ ಎಂದು ಇಬ್ಬರೂ ಮಾತಾಡಿಕೊಂಡಿರುತ್ತಾರೆ. ‘ಯಾವ ಕೋಡೆಕ್ ಬಿಡಿಸುವ ಕಾರ್ಡು?’ ಎಂದು ಇಬ್ಬರೂ ಕೇಳಿರುವುದಿಲ್ಲ.

ವಿಡಿಯೊ ಫೈಲಿನಲ್ಲಿ ಚಿತ್ರಗಳು ಇದ್ದ ಹಾಗೇ ಇರುವುದಿಲ್ಲ, ಹಿಂಡಿ ಕುಗ್ಗಿಸಿ ಇಟ್ಟಿರುತ್ತಾರೆ. 4ಕೆ ಚಿತ್ರ ಒಂದರಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳು. ಸೆಕೆಂಡಿಗೆ 60 ಚಿತ್ರಗಳಾದರೆ ಪೂರ್ತಿ ಬಿಡಿಸಿದ ದತ್ತಾಂಶ ಸೆಕೆಂಡಿಗೆ ಹತ್ತಿರಹತ್ತಿರ 750 ಎಂಬಿ. ಇಂಟರ್ನೆಟ್ಟಿನಲ್ಲಿ ಹರಿದು ಬರುವುದು ಸೆಕೆಂಡಿಗೆ ಎರಡು ಮೂರು ಎಂಬಿ ಮಾತ್ರ. ಉಳಿದದ್ದನ್ನೆಲ್ಲ ಲೆಕ್ಕ ಹಾಕಿ ಮತ್ತೆ ಕಟ್ಟಬೇಕು. ಅದೇ ಡಿಕೋಡಿಂಗ್. ಇದನ್ನು ಪ್ರೊಸೆಸರ್ ಮಾಡಬಹುದು, ಇಲ್ಲವೇ ಗ್ರಾಫಿಕ್ಸ್ ಚಿಪ್‌ನಲ್ಲಿ ಇದಕ್ಕಾಗಿಯೇ ಕೊರೆದಿಟ್ಟ ಸರ್ಕ್ಯೂಟ್ ಮಾಡಬಹುದು. ಎರಡನೆಯದೇ ಹಾರ್ಡ್‌ವೇರ್ ಡಿಕೋಡಿಂಗ್.

ಹೀಗೆ ಹಿಂಡಿ ಬಿಡಿಸುವ ಪದ್ಧತಿಗೇ ಕೋಡೆಕ್ ಎಂದು ಹೆಸರು, ಅವು ಹಲವು. 2003ರಲ್ಲಿ ಬಂದ ಎಚ್.264 ಇವತ್ತಿಗೂ ಎಲ್ಲ ಕಡೆ ಓಡುತ್ತದೆ. 2013ರಲ್ಲಿ ಎಚ್‌ಇವಿಸಿ ಬಂತು, ಎಚ್.265 ಎಂದರೂ ಅದೇ. ಅದೇ ವರ್ಷ ಗೂಗಲ್‌ನ ವಿಪಿ9, 2018ರಲ್ಲಿ ಎವಿ1. ಹೊಸದು ಬಂದಂತೆ ಫೈಲು ಚಿಕ್ಕದಾಗುತ್ತದೆ, ಬಿಡಿಸುವ ಲೆಕ್ಕ ದೊಡ್ಡದಾಗುತ್ತದೆ.

‘ದುಬಾರಿ ಕಾರ್ಡ್ ಹಾಕಿದರೆ ಯಾವ ವಿಡಿಯೊ ಆದರೂ ಓಡುತ್ತೆ’

ಇದೇ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಆಟ ಆಡಿಸುವ ಸಾವಿರಾರು ಕೋರ್‌ಗಳೇ ವಿಡಿಯೊವನ್ನೂ ಬಿಡಿಸುತ್ತವೆ ಎಂದು ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಟೈಲರ್ ಅಂಗಡಿಯಲ್ಲಿ ಕಾಜಾ ಹೊಡೆಯುವ ಯಂತ್ರ ಬೇರೆಯೇ ಇರುತ್ತದಲ್ಲ, ಹೊಲಿಗೆ ಯಂತ್ರ ಎಷ್ಟಿದ್ದರೂ ಆ ಕೆಲಸ ಅದರದೇ. ಹಾಗೆಯೇ ಡಿಕೋಡರ್ ಕೂಡ ಚಿಪ್‌ನ ಒಂದು ಮೂಲೆಯಲ್ಲಿರುವ ಪ್ರತ್ಯೇಕ ಸರ್ಕ್ಯೂಟ್. ಅದಕ್ಕೆ ಯಾವ ಕೋಡೆಕ್ ಗೊತ್ತೋ ಅದಷ್ಟೇ ಗೊತ್ತು.

ಎನ್ವಿಡಿಯಾ ಇತಿಹಾಸದಲ್ಲೇ ಇದಕ್ಕೆ ಸೊಗಸಾದ ಸಾಕ್ಷಿ ಇದೆ. ಜಿಟಿಎಕ್ಸ್ 970 ಮತ್ತು 980 ಕಾರ್ಡುಗಳು 2014ರ ಸೆಪ್ಟೆಂಬರ್‌ನಲ್ಲಿ ಬಂದವು. ಅವಕ್ಕಿಂತ ಅಗ್ಗವೂ ದುರ್ಬಲವೂ ಆದ ಜಿಟಿಎಕ್ಸ್ 960 ಬಂದದ್ದು 2015ರ ಜನವರಿಯಲ್ಲಿ. ಎಚ್‌ಇವಿಸಿ ವಿಡಿಯೊವನ್ನು ಪೂರ್ತಿ ಹಾರ್ಡ್‌ವೇರ್‌ನಲ್ಲೇ ಬಿಡಿಸುವುದು 960 ಮಾತ್ರ. ಅಣ್ಣಂದಿರಿಬ್ಬರಿಗೂ ಆ ಸರ್ಕ್ಯೂಟ್ ಇಲ್ಲ. 2017ರ ಜಿಟಿಎಕ್ಸ್ 1080 ಟಿಐ ಆ ಕಾಲದ ಪೈಲ್ವಾನ, 11 ಜಿಬಿ ಮೆಮೊರಿ. ಎವಿ1 ಕೊಟ್ಟರೆ ಅದರ ಡಿಕೋಡರ್ ಸುಮ್ಮನೆ ಕೂರುತ್ತದೆ, ಕೆಲಸ ಪ್ರೊಸೆಸರ್ ತಲೆಗೆ ಬೀಳುತ್ತದೆ. ಇಂಟೆಲ್‌ನ ಪುಟ್ಟ ಆರ್ಕ್ ಎ310 ಅದೇ ವಿಡಿಯೊವನ್ನು ಆರಾಮವಾಗಿ ಬಿಡಿಸುತ್ತದೆ.

ಹಾಗಾದರೆ ಹೊಸ ಕಾರ್ಡ್ ತಗೊಂಡರೆ ಮುಗಿಯಿತಲ್ಲ ಎನ್ನಬಹುದು. ಅದೂ ಇಲ್ಲ. ಎಎಂಡಿಯ ಆರ್‌ಎಕ್ಸ್ 6600 ಬಂದದ್ದು 2021ರಲ್ಲಿ, ಅದಕ್ಕೆ ಎವಿ1 ಬರುತ್ತದೆ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಬರುವುದಿಲ್ಲ. ಅದರ ಜೊತೆಯ 6400ಕ್ಕೂ ಇಲ್ಲ. ಚಿಪ್ ಚಿಕ್ಕದಾಗಲಿ ಎಂದು ಕಂಪನಿ ಆ ಭಾಗವನ್ನೇ ಕೈಬಿಟ್ಟಿತು. ಹೆಸರಿನಲ್ಲೂ ಮೋಸ ಹೋಗುವುದುಂಟು. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ತಲೆಮಾರಿನ ಚಿಪ್‌ಗಳು ಮಾರುಕಟ್ಟೆಯಲ್ಲಿದ್ದವು, ಫರ್ಮಿ ಮತ್ತು ಕೆಪ್ಲರ್. ಎರಡಕ್ಕೂ ಎಚ್‌ಇವಿಸಿ ಬಾರದು, ವಿಪಿ9 ಕೂಡ ಬಾರದು.

ಜಿಟಿ 710 ವಿಷಯ ಇನ್ನೂ ಬೇಸರದ್ದು. ಅಗ್ಗದ ಕಾರ್ಡ್ ಕೇಳಿದವರ ಕೈಗೆ ಮೊದಲು ಬರುವುದು ಅದೇ. ಡಬ್ಬಿಯ ಮೇಲೆ 4ಕೆ ಎಂದು ಇರುವುದೂ ಉಂಟು. ಆ ಮಾತು ಸುಳ್ಳಲ್ಲ, ಆದರೆ ಅದರ ಅರ್ಥ ಬೇರೆ: 4ಕೆ ಮಾನಿಟರ್‌ಗೆ ಚಿತ್ರ ಕಳುಹಿಸಬಲ್ಲದು ಎಂದಷ್ಟೆ. 4ಕೆ ಯೂಟ್ಯೂಬ್ ವಿಡಿಯೊವನ್ನು ಬಿಡಿಸುವ ಸರ್ಕ್ಯೂಟ್ ಅದರೊಳಗಿಲ್ಲ. ಎಚ್.264 ಬಿಡಿಸುತ್ತದೆ ನಿಜ, ಆದರೆ ಆ ಕೆಲಸವನ್ನು 2011ರ ಎರಡನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಮಾಡುತ್ತಿತ್ತು. ಇದ್ದ ಕೆಲಸಕ್ಕೇ ಇನ್ನೊಬ್ಬನಿಗೆ ಸಂಬಳ ಕೊಟ್ಟಂತೆ ಆಯಿತು.

ಹಳೆಯ ಡೆಸ್ಕ್‌ಟಾಪ್‌ಗೆ ನನ್ನ ಮಟ್ಟಿಗೆ ಲೆಕ್ಕ ಹೀಗಿದೆ. ಎಚ್‌ಇವಿಸಿ, ವಿಪಿ9 ಸಾಕೆಂದರೆ ಜಿಟಿ 1030. ಬರೀ 30 ವಾಟ್, ಬೇರೆ ಪವರ್ ಕೇಬಲ್ ಬೇಡ, ಆಫೀಸಿನ ತೆಳ್ಳನೆಯ ಪೆಟ್ಟಿಗೆಗೆ ಹೊಂದುವ ಅರ್ಧ ಎತ್ತರದ ಮಾದರಿಗಳೂ ಸಿಗುತ್ತವೆ. ಅದಕ್ಕೆ ಎನ್‌ಕೋಡರ್ ಇಲ್ಲ ಎಂಬುದು ನೆನಪಿರಲಿ: ವಿಡಿಯೊ ನೋಡುವವರಿಗೆ ಸರಿ, ಎಡಿಟ್ ಮಾಡಿ ಹೊರತೆಗೆಯುವವರಿಗೆ ಅಲ್ಲ. ಎಎಂಡಿಯ ಆರ್‌ಎಕ್ಸ್ 550, 560 ಎಚ್‌ಇವಿಸಿಯಲ್ಲಿ ಗಟ್ಟಿ, ವಿಪಿ9ಗೆ ಪೂರ್ತಿ ಸರ್ಕ್ಯೂಟ್ ಇಲ್ಲದ ಕಾರಣ ಯೂಟ್ಯೂಬ್‌ಗಾಗಿಯೇ ಕೊಳ್ಳುವವರು ಬಿಡುವುದು ಒಳ್ಳೆಯದು. ಎವಿ1 ಬೇಕೇಬೇಕು ಎಂದರೆ ಎನ್ವಿಡಿಯಾದಲ್ಲಿ ಆರ್‌ಟಿಎಕ್ಸ್ 30 ಸರಣಿಯಿಂದ ಮೇಲೆ, ಇಲ್ಲವೇ ಆರ್ಕ್. ಆದರೆ ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್‌ಗೆ ಒಮ್ಮೆಲೇ ತೆರೆದಿಡುವ ರೀಸೈಜಬಲ್ ಬಾರ್ ಸೌಲಭ್ಯ ಇಲ್ಲದ ಹಳೆಯ ಬೋರ್ಡ್‌ನಲ್ಲಿ ಆರ್ಕ್ ಕಾರ್ಡುಗಳ ಆಟದ ವೇಗ ಚೆನ್ನಾಗಿ ಕುಸಿಯುತ್ತದೆ.

‘ಕಾರ್ಡ್ ಸಿಕ್ಕಿಸಿದರೆ ತಾನಾಗಿ ಶುರುವಾಗುತ್ತೆ’

ಇಲ್ಲಿ ಮೊದಲ ಎಡವಟ್ಟು ಕೇಬಲ್ಲಿನದು. ಕಾರ್ಡ್ ಒಳಗೆ ಕೂತಿರುತ್ತದೆ, ಮಾನಿಟರ್ ತಂತಿ ಮಾತ್ರ ಹಳೇ ಅಭ್ಯಾಸದಂತೆ ಮದರ್‌ಬೋರ್ಡ್‌ನ ಕಿಂಡಿಯಲ್ಲೇ ಇರುತ್ತದೆ. ಕೆಲವು ಬೋರ್ಡ್‌ಗಳು ಹೊಸ ಕಾರ್ಡ್ ಕಂಡೊಡನೆ ಒಳಗಿನ ಗ್ರಾಫಿಕ್ಸ್ ನಿಲ್ಲಿಸಿ ಪರದೆಯನ್ನೇ ಕಪ್ಪು ಮಾಡುತ್ತವೆ. ಅದಾದರೆ ಒಳ್ಳೆಯದೇ, ತಪ್ಪು ಆಗಲೇ ಗೊತ್ತಾಗುತ್ತದೆ. ಎರಡನ್ನೂ ಓಡಿಸುವ ಬೋರ್ಡ್ ಆದರೆ ಏನೂ ಗೊತ್ತಾಗದೆ ತಿಂಗಳುಗಟ್ಟಲೆ ಹಳೆಯ ಗ್ರಾಫಿಕ್ಸೇ ದುಡಿಯುತ್ತಿರುತ್ತದೆ.

ಎರಡನೆಯದು ಡ್ರೈವರ್. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಮೈಕ್ರೊಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದು ಕಂಡರೆ ಚಿತ್ರ ಮೂಡುತ್ತದೆ, ಡಿಕೋಡರ್ ಏಳುವುದಿಲ್ಲ. ಕಾರ್ಡಿನ ಕಂಪನಿಯ ಡ್ರೈವರ್ ಹಾಕಲೇಬೇಕು. ಜಿಟಿ 710ರಂಥ ಕೆಪ್ಲರ್ ಕಾರ್ಡುಗಳಿಗೆ ಎನ್ವಿಡಿಯಾ 470ರ ಸರಣಿಯಲ್ಲೇ ನಿಲ್ಲಿಸಿದೆ, ಅದರಾಚೆಯ ಡ್ರೈವರ್ ಹಾಕಲು ಹೋದರೆ ಕಾರ್ಡನ್ನೇ ಗುರುತಿಸುವುದಿಲ್ಲ.

ಮೂರನೆಯದು ಬ್ರೌಸರ್. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ, ಸಿಸ್ಟಮ್ ವಿಭಾಗದಲ್ಲಿ, ಗ್ರಾಫಿಕ್ಸ್ ಆಕ್ಸಿಲರೇಶನ್ ಗುಂಡಿ ಇದೆ. ಪರದೆ ಮಿನುಗುತ್ತದೆಂದು ಯಾವತ್ತೋ ಯಾರೋ ಅದನ್ನು ಆರಿಸಿರುತ್ತಾರೆ, ಆಮೇಲೆ ಎಲ್ಲರಿಗೂ ಮರೆತಿರುತ್ತದೆ. ಗುಂಡಿ ಒತ್ತಿಯೂ ಆಗದಿದ್ದರೆ ಕೆಲವರು ಪ್ರಾಯೋಗಿಕ ಫ್ಲ್ಯಾಗ್‌ಗಳ ಪುಟಕ್ಕೆ ಹೋಗಿ ಕಂಡದ್ದನ್ನೆಲ್ಲ ಆನ್ ಮಾಡುತ್ತಾರೆ. ಬ್ರೌಸರ್ ತಯಾರಕರು ತಂಟೆಯ ಡ್ರೈವರ್‌ಗಳ ಪಟ್ಟಿ ಮಾಡಿ ತಡೆದಿರುವುದನ್ನು ಫ್ಲ್ಯಾಗ್ ತೆಗೆಯಬಹುದು. ಸಿಲಿಕಾನ್‌ನಲ್ಲಿ ಇಲ್ಲದ ಸರ್ಕ್ಯೂಟನ್ನು ಯಾವ ಫ್ಲ್ಯಾಗೂ ಹುಟ್ಟಿಸದು.

ನಿಜಕ್ಕೂ ಕೆಲಸ ಆಗುತ್ತಿದೆಯೇ ಎಂದು ನೋಡುವುದು ಕಷ್ಟವಲ್ಲ. ವಿಡಿಯೊ ಓಡುತ್ತಿರುವಾಗ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಕೋಡೆಕ್ ಸಾಲಿನಲ್ಲಿ ಎವಿಸಿ1 ಎಂದಿದ್ದರೆ ಎಚ್.264, ವಿಪಿ09 ಎಂದಿದ್ದರೆ ವಿಪಿ9, ಎವಿ01 ಎಂದಿದ್ದರೆ ಎವಿ1. ಬಿಟ್ಟುಹೋದ ಫ್ರೇಮುಗಳ ಎಣಿಕೆಯೂ ಅಲ್ಲೇ ಇದೆ. ಆಮೇಲೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟ. ಈ ಪುಟ ಬಂದದ್ದು ವಿಂಡೋಸ್ 10ರ 2017ರ ಅಕ್ಟೋಬರ್ ಅಪ್‌ಡೇಟಿನಲ್ಲಿ. ಅಲ್ಲಿ ‘ವಿಡಿಯೊ ಡಿಕೋಡ್’ ಗೆರೆ ಮೇಲೇಳಬೇಕು, ಹೊಸ ಎಎಂಡಿ ಕಾರ್ಡುಗಳಲ್ಲಾದರೆ ‘ವಿಡಿಯೊ ಕೋಡೆಕ್’. ‘3ಡಿ’ ಗೆರೆ ಮಾತ್ರ ಕುಣಿಯುತ್ತಿದ್ದರೆ ಖುಷಿಪಡಬೇಡಿ, ಬಿಡಿಸಿದ ಚಿತ್ರವನ್ನು ಪರದೆಗೆ ಹಿಗ್ಗಿಸಿ ಅಂಟಿಸುವುದನ್ನಷ್ಟೇ ಕಾರ್ಡ್ ಮಾಡುತ್ತಿದೆ, ಬೆವರು ಪ್ರೊಸೆಸರ್‌ನದು. ಕ್ರೋಮ್‌ನ ಜಿಪಿಯು ಪುಟದಲ್ಲಿ ಮೇಲೆ ಕಾಣುವ ಹಸಿರು ಸಾಲನ್ನೂ ಪೂರ್ತಿ ನಂಬುವಂತಿಲ್ಲ. ಒಂದು ಕೋಡೆಕ್ ಬಂದರೂ ಅದು ಹಸಿರೇ. ಕೆಳಗೆ ಯಾವ ಯಾವ ಕೋಡೆಕ್ ಎಂಬ ಪಟ್ಟಿ ಇದೆ, ನೋಡಬೇಕಾದ್ದು ಅದನ್ನು.

ಲಿನಕ್ಸ್ ಬಳಸುವವರಿಗೆ ಇನ್ನೊಂದಿಷ್ಟು ಸುತ್ತು ಇದೆ. ಬ್ರೌಸರ್‌ಗಳು ಮಾತಾಡುವುದು ವಿಎ-ಎಪಿಐ ಭಾಷೆಯಲ್ಲಿ. ಎನ್ವಿಡಿಯಾದ ಸ್ವಂತ ಡ್ರೈವರ್‌ಗೆ ಬರುವುದು ವಿಡಿಪಿಎಯು ಮತ್ತು ಎನ್‌ವಿಡೆಕ್. ನಡುವೆ ದುಭಾಷಿಯಂತೆ ಒಂದು ಪ್ರತ್ಯೇಕ ಪ್ಯಾಕೇಜ್ ಹಾಕಬೇಕು. ಮುಕ್ತ ಡ್ರೈವರ್ ನೂವೊ ನೆಚ್ಚಿಕೊಂಡವರಿಗೆ ಕೆಪ್ಲರ್ ಆದಮೇಲಿನ ಮ್ಯಾಕ್ಸ್‌ವೆಲ್ ತಲೆಮಾರು ಮತ್ತು ಅದರ ನಂತರದ ಕಾರ್ಡುಗಳಲ್ಲಿ ಡಿಕೋಡಿಂಗ್ ಸಿಗದು. ಎಎಂಡಿ ಇಲ್ಲಿ ಸಲೀಸು, ಆದರೆ ಫೆಡೊರಾ ಎಂಬ ಲಿನಕ್ಸ್ ವಿತರಣೆ ಪೇಟೆಂಟ್ ಭಯದಿಂದ 2022ರಲ್ಲಿ ಮೆಸಾ ಎಂಬ ತನ್ನ ಗ್ರಾಫಿಕ್ಸ್ ಡ್ರೈವರ್ ಪ್ಯಾಕೇಜಿನಿಂದ ಎಚ್.264, ಎಚ್‌ಇವಿಸಿ ಎರಡನ್ನೂ ತೆಗೆಯಿತು. ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಿಂದ ಬೇರೆ ಪ್ಯಾಕೇಜ್ ತಂದು ಹಾಕಿಕೊಳ್ಳಬೇಕು. ಕಾರ್ಡ್ ಸರಿ ಇದೆ, ಡ್ರೈವರ್ ಸರಿ ಇದೆ, ತಡೆದದ್ದು ವಕೀಲರು.

‘ಹಳೆಯ ಸ್ಲಾಟು, ಆ ವೇಗಕ್ಕೆ ತಾಳುವುದಿಲ್ಲ’

ತಾಳುತ್ತದೆ. ಪಿಸಿಐ ಎಕ್ಸ್‌ಪ್ರೆಸ್ 2.0ರ 16 ಲೇನಿನ ಸ್ಲಾಟು ಒಂದು ದಿಕ್ಕಿಗೆ ಸೆಕೆಂಡಿಗೆ 8 ಜಿಬಿ ಸಾಗಿಸುತ್ತದೆ. ಕಾರ್ಡಿಗೆ ಹೋಗುವುದು ಹಿಂಡಿದ ಎರಡು ಮೂರು ಎಂಬಿ ವಿಡಿಯೊ, ಬಿಡಿಸಿದ ಚಿತ್ರ ಕಾರ್ಡಿನ ಮೆಮೊರಿಯಲ್ಲೇ ಉಳಿದು ಅಲ್ಲಿಂದಲೇ ಮಾನಿಟರಿಗೆ ಹೋಗುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಅಳೆದು ನೋಡಬೇಕಾದ್ದು ಪವರ್ ಸಪ್ಲೈ ಮತ್ತು ಜಾಗ. ಸ್ಲಾಟಿನಿಂದ ಗರಿಷ್ಠ 75 ವಾಟ್ ಸಿಗುತ್ತದೆ, ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಬೇಕಾದ ಕೇಬಲ್ ಆಫೀಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

‘ಹಾರ್ಡ್‌ವೇರ್‌ನಲ್ಲಿ ಬಿಡಿಸಿದರೆ ಚಿತ್ರ ಮಂಕಾಗುತ್ತೆ’

ಈ ನಂಬಿಕೆ ಎನ್‌ಕೋಡಿಂಗ್‌ನಿಂದ ಎರವಲು ಬಂದದ್ದು. ಹಿಂಡುವಾಗ ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ಬೇರೆ ಬೇರೆ ಗುಣಮಟ್ಟ ಕೊಡುವುದು ನಿಜ. ಬಿಡಿಸುವಾಗ ಆ ಸ್ವಾತಂತ್ರ್ಯವೇ ಇಲ್ಲ. ಎಚ್.264ರಿಂದ ಈಚೆಗಿನ ಈ ಕೋಡೆಕ್‌ಗಳಲ್ಲಿ ಪ್ರತಿ ಪಿಕ್ಸೆಲ್‌ನ ಬೆಲೆ ಎಷ್ಟು ಬರಬೇಕೆಂದು ಮಾನದಂಡವೇ ಗೊತ್ತುಮಾಡಿದೆ, ನಿಯಮ ಪಾಲಿಸುವ ಎಲ್ಲ ಡಿಕೋಡರ್‌ಗಳೂ ಒಂದೇ ಉತ್ತರ ಕೊಡಬೇಕು. ಕಣ್ಣಿಗೆ ವ್ಯತ್ಯಾಸ ಕಂಡರೆ ಅದು ಬಿಡಿಸಿದ ಮೇಲಿನ ಕೈವಾಡ: ಬಣ್ಣದ ವ್ಯಾಪ್ತಿ ತಪ್ಪಾಗಿ ಕಪ್ಪು ಬೂದಿಯಾಗುವುದು, ಡ್ರೈವರ್ ತಾನಾಗಿ ಹಚ್ಚುವ ಅಂಚಿನ ಹರಿತ, ಹಿಗ್ಗಿಸುವ ವಿಧಾನ.

ಕೋಡೆಕ್ ಹೆಸರು ಸರಿಹೊಂದಿದರೆ ಸಾಕು ಎಂಬುದೂ ಅರ್ಧ ಸತ್ಯ. ಮದುವೆ ವಿಡಿಯೊ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ಈಗಿನ ಅನೇಕ ಕ್ಯಾಮೆರಾಗಳು 10 ಬಿಟ್, 4:2:2 ಬಣ್ಣದಲ್ಲಿ ದಾಖಲಿಸುತ್ತವೆ. ಫೈಲು ಎಚ್‌ಇವಿಸಿ, ಕಾರ್ಡಿಗೂ ಎಚ್‌ಇವಿಸಿ ಬರುತ್ತದೆ, ಆದರೂ ಟೈಮ್‌ಲೈನ್ ತೆವಳುತ್ತದೆ. 4:2:2 ಬಿಡಿಸುವ ಶಕ್ತಿ ಎನ್ವಿಡಿಯಾಗೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ, ಅದಕ್ಕೆ ಮುಂಚಿನ ಎಷ್ಟು ದೊಡ್ಡ ಎನ್ವಿಡಿಯಾ ಕಾರ್ಡ್ ಹಾಕಿದರೂ ಆ ಫೈಲು ಪ್ರೊಸೆಸರ್ ಪಾಲಿಗೇ. ಅಂಥವರು ಹಳೆಯ ಯಂತ್ರದಲ್ಲಿ ಪ್ರಾಕ್ಸಿ ಫೈಲು, ಅಂದರೆ ಹಗುರವಾದ ನಕಲು, ಮಾಡಿಕೊಂಡು ಎಡಿಟ್ ಮಾಡುವುದೇ ಜಾಣತನ.

ಕೊನೆಗೆ, ಹಾರ್ಡ್‌ವೇರ್ ಡಿಕೋಡಿಂಗ್ ಇಲ್ಲದೆ ಬದುಕೇ ಇಲ್ಲ ಎಂಬ ನಂಬಿಕೆ. ವಿಎಲ್‌ಸಿ ಪ್ಲೇಯರ್ ತಯಾರಿಸುವ ವಿಡಿಯೊಲ್ಯಾನ್‌ನವರು 2018ರಲ್ಲಿ ಹೊರತಂದ ಡಾವಿಡ್ ಎಂಬ ಸಾಫ್ಟ್‌ವೇರ್ ಡಿಕೋಡರ್ ಎವಿ1 ಅನ್ನು ಎಷ್ಟು ಚುರುಕಾಗಿ ಬಿಡಿಸುತ್ತದೆಂದರೆ, ನಾಲ್ಕು ಕೋರಿನ ನಾಲ್ಕನೆಯ ತಲೆಮಾರಿನ ಐ5 ಕೂಡ ಸಾಮಾನ್ಯ 1080ರ ವಿಡಿಯೊವನ್ನು ಕಾರ್ಡಿನ ಹಂಗಿಲ್ಲದೆ ಓಡಿಸುತ್ತದೆ. ಆ ತಲೆಮಾರಿನಲ್ಲಿ ಬಂದ ಎವಿಎಕ್ಸ್2 ಸೂಚನೆಗಳು ಅದಕ್ಕೆ ಬಲ. ಅದಕ್ಕಿಂತ ಹಿಂದಿನ ಪ್ರೊಸೆಸರ್ ಆದರೆ ದುಡ್ಡು ಬೇಡದ ಇನ್ನೊಂದು ದಾರಿ ಇದೆ. ಯೂಟ್ಯೂಬ್ ಒಂದೇ ವಿಡಿಯೊವನ್ನು ಹಲವು ಕೋಡೆಕ್‌ಗಳಲ್ಲಿ ಇಟ್ಟಿರುತ್ತದೆ. ನಿಮ್ಮ ಬ್ರೌಸರ್‌ಗೆ ವಿಪಿ9, ಎವಿ1 ಬರುವುದಿಲ್ಲ ಎಂದು ಅದಕ್ಕೆ ಹೇಳಿಬಿಡುವ ಪುಟ್ಟ ಎಕ್ಸ್‌ಟೆನ್ಷನ್ ಒಂದಿದೆ, ಹೆಸರು ಎಚ್264ಇಫೈ. ಹಾಕಿಕೊಂಡರೆ ಯೂಟ್ಯೂಬ್ ಎಚ್.264 ಪ್ರತಿಯನ್ನೇ ಕಳುಹಿಸುತ್ತದೆ, ಹತ್ತು ವರ್ಷ ಹಳೆಯ ಗ್ರಾಫಿಕ್ಸೂ ಅದನ್ನು ಬಿಡಿಸುತ್ತದೆ. ಎಚ್.264ರಲ್ಲಿ ಯೂಟ್ಯೂಬ್ 1080ಕ್ಕಿಂತ ಮೇಲೆ ಕೊಡುವುದಿಲ್ಲ, ಹಾಗಾಗಿ 1440 ಮತ್ತು 4ಕೆ ಆಯ್ಕೆಗಳು ಪಟ್ಟಿಯಿಂದ ಮಾಯವಾಗುತ್ತವೆ. 1080ರ ಮಾನಿಟರ್ ಇಟ್ಟುಕೊಂಡವರು ಅದನ್ನು ಗಮನಿಸುವುದೂ ಅಪರೂಪ.