ಹಳೆಯ ಪಿಕಪ್ಪಿಗೆ ಹೊಗೆ ಪರೀಕ್ಷೆ

ನಸುಕಿನ ಹೊತ್ತಿಗೆ ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಮಲ್ಲಿಗೆಯ ಪರಿಮಳವೂ ಡೀಸೆಲ್ ಹೊಗೆಯೂ ಒಟ್ಟೊಟ್ಟಿಗೇ ಮೂಗಿಗೆ ಬಡಿಯುತ್ತವೆ. ದೇವರಾಜ ಮಾರುಕಟ್ಟೆಗೆ ಹೂವು, ವೀಳ್ಯದೆಲೆ, ಬಾಳೆಗೊನೆ, ಸೊಪ್ಪು ಹೊತ್ತು ತರುವ ಗಾಡಿಗಳಲ್ಲಿ ಹೊಸವೂ ಇವೆ, ಹದಿನೈದಿಪ್ಪತ್ತು ವರ್ಷ ದುಡಿದ ಪಿಕಪ್ಪುಗಳೂ ಇವೆ. ಸರಕು ಇಳಿಸಿ ಹೊರಡುವಾಗ ಹಳೆಯ ಗಾಡಿಯೊಂದು ಒಮ್ಮೆ ಕೆಮ್ಮಿ ಕರಿ ಮೋಡವೊಂದನ್ನು ಬಿಟ್ಟು ಹೋಗುತ್ತದೆ. ಆ ಮೋಡ ಇಳಿಯುವುದು ಹೂವಿನ ಬುಟ್ಟಿಗಳ ಮೇಲೆ, ಬುಟ್ಟಿಯ ಹಿಂದೆ ಕುಳಿತವರ ಮೇಲೆ.

ಗಾಡಿಯ ಮಾಲೀಕನ ಚಿಂತೆ ಬೇರೆ. ಆರು ತಿಂಗಳಿಗೊಮ್ಮೆ ಅವನು ‘ಎಮಿಷನ್’ ಮಾಡಿಸಬೇಕು. ಆ ಚೀಟಿ ಇಲ್ಲದಿದ್ದರೆ ರಸ್ತೆಯಲ್ಲಿ ಪೊಲೀಸರ ಕಾಟ, ಆರ್‌ಟಿಒ ಕಚೇರಿಯಲ್ಲಿ ಎಫ್‌ಸಿಗೆ ತೊಡಕು. ‘ಇಷ್ಟು ಹಳೇ ಗಾಡಿ ಪಾಸಾಗುತ್ತದೆಯೇ?’ ಎಂಬ ಪ್ರಶ್ನೆಯನ್ನು ಹಿಡಿದೇ ಅವನು ತಪಾಸಣಾ ಕೇಂದ್ರಕ್ಕೆ ಹೋಗುತ್ತಾನೆ. ಈ ಪ್ರಶ್ನೆಯಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಅಲ್ಲಿ ಪರೀಕ್ಷೆಯಾಗುವುದು ಗಾಡಿಯ ವಯಸ್ಸಲ್ಲ, ಅದರ ಉಸಿರು. ಅಷ್ಟೇ ಅಲ್ಲ, ಹಳೆಯ ಗಾಡಿಗೆ ಹಾಕಿರುವ ಗೆರೆ ಹೊಸ ಗಾಡಿಯ ಗೆರೆಗಿಂತ ಬಹಳ ಸಡಿಲವಾದುದು.

ನಿಯಮದ ಮೂಲ 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 115ನೆಯ ನಿಯಮ. ಮೊದಲ ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಪ್ರತಿ ವಾಹನವೂ ಮಾಲಿನ್ಯ ಮಿತಿಯಲ್ಲಿದೆ ಎಂಬ ಪ್ರಮಾಣಪತ್ರ ಹೊಂದಿರಬೇಕೆಂದು ಅದು ಹೇಳುತ್ತದೆ. ಭಾರತ್ ಸ್ಟೇಜ್ 4 ಮತ್ತು ಅನಂತರದ ಗಾಡಿಗಳಿಗೆ ಪ್ರಮಾಣಪತ್ರದ ಆಯಸ್ಸು ಒಂದು ವರ್ಷ, ಅದಕ್ಕಿಂತ ಹಿಂದಿನವಕ್ಕೆ ಆರು ತಿಂಗಳು. ಈ ‘ಸ್ಟೇಜ್’ಗಳು ಗಾಡಿ ಹುಟ್ಟಿದ ಕಾಲವನ್ನು ಹೇಳುತ್ತವೆ. ದೇಶದಾದ್ಯಂತ ಮೊದಲ ಹಂತ ಬಂದದ್ದು 2000ದಲ್ಲಿ. ನಾಲ್ಕನೆಯದು 2017ರ ಏಪ್ರಿಲ್‌ನಲ್ಲಿ. ಐದನ್ನು ಹಾರಿ ಆರನೆಯದು 2020ರ ಏಪ್ರಿಲ್‌ನಲ್ಲಿ. ಹುಟ್ಟಿದಾಗ ಯಾವ ನಿಯಮವಿತ್ತೋ ಅದಕ್ಕೆ ತಕ್ಕ ಮಿತಿಯೇ ಗಾಡಿಗೆ ಕೊನೆಯವರೆಗೂ ಅನ್ವಯಿಸುತ್ತದೆ. 2004ರಲ್ಲಿ ಕೊಂಡ ಪಿಕಪ್ ಇಂದಿನ ಗಾಡಿಯಷ್ಟು ಶುದ್ಧವಾಗಿರಬೇಕೆಂದು ಯಾರೂ ಕೇಳುವುದಿಲ್ಲ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಬಂದ ನಿರ್ಬಂಧದ ಸುದ್ದಿ ಓದಿ ಇಲ್ಲಿಯೂ ಗಾಬರಿಗೊಂಡವರುಂಟು. ಅದು ರಾಜಧಾನಿ ಪ್ರದೇಶಕ್ಕಾಗಿ ಹಸಿರು ನ್ಯಾಯಮಂಡಳಿ ನೀಡಿದ ಆದೇಶದಿಂದ ಬಂದದ್ದು, ಮೈಸೂರಿಗೆ ಸಂಬಂಧಿಸಿದ್ದಲ್ಲ.

ಮಿತಿಯ ಲೆಕ್ಕ ಸ್ವಲ್ಪ ವಿಚಿತ್ರವಾಗಿದೆ. ಡೀಸೆಲ್ ಗಾಡಿಯ ಹೊಗೆಯನ್ನು ತೂಗುವುದಿಲ್ಲ, ಅದು ಎಷ್ಟು ಕಪ್ಪಗಿದೆ ಎಂದು ನೋಡುತ್ತಾರೆ. ಯಂತ್ರದೊಳಗೆ ಒಂದು ಕೊಳವೆ. ಅದರ ಒಂದು ತುದಿಯಲ್ಲಿ ದೀಪ, ಮತ್ತೊಂದು ತುದಿಯಲ್ಲಿ ಬೆಳಕನ್ನು ಅಳೆಯುವ ಕಣ್ಣು. ಸೈಲೆನ್ಸರಿನಿಂದ ಎಳೆದ ಹೊಗೆ ನಡುವೆ ತುಂಬಿಕೊಂಡಾಗ ಎಷ್ಟು ಬೆಳಕು ದಾಟದೆ ಉಳಿಯಿತು ಎಂಬುದೇ ಅಂಕ. ಇದಕ್ಕೆ ಹಾರ್ಟ್‌ರಿಡ್ಜ್ ಅಳತೆ ಎಂದು ಹೆಸರು. 43 ಸೆಂಟಿಮೀಟರ್ ಉದ್ದದ ಹೊಗೆ ನೂರರಲ್ಲಿ 65 ಪಾಲು ಬೆಳಕನ್ನು ನುಂಗಿದರೆ ಅಂಕ 65. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಇದೇ ಗರಿಷ್ಠ ಮಿತಿ. ನಾಲ್ಕನೆಯ ಹಂತದ ಗಾಡಿಗೆ 50. ಅಂದರೆ ಮೂರರಲ್ಲಿ ಎರಡು ಪಾಲಿನಷ್ಟು ಬೆಳಕನ್ನು ಮುಚ್ಚುವ ಹೊಗೆ ಬಿಟ್ಟರೂ ಹಳೆಯ ಪಿಕಪ್ ಕಾನೂನಿನ ಕಣ್ಣಿಗೆ ಸಾಧುವೇ. ಇಷ್ಟು ಉದಾರವಾದ ಪರೀಕ್ಷೆಯಲ್ಲೂ ನಪಾಸಾಗುವ ಗಾಡಿಯ ಒಳಗೆ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು.

ಪೆಟ್ರೋಲ್ ಗಾಡಿಯ ಕ್ರಮ ಬೇರೆ. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಸೈಲೆನ್ಸರಿನೊಳಗೆ ನಳಿಗೆ ತೂರಿಸಿ ಇಂಗಾಲದ ಮಾನಾಕ್ಸೈಡ್ ಮತ್ತು ಸುಡದೆ ಉಳಿದ ಹೈಡ್ರೋಕಾರ್ಬನ್ ಎಷ್ಟಿದೆ ಎಂದು ನೋಡುತ್ತಾರೆ. ಎರಡನೆಯ ಹಂತಕ್ಕೂ ಹಿಂದಿನ ನಾಲ್ಕು ಚಕ್ರದ ಗಾಡಿಗೆ ಮಾನಾಕ್ಸೈಡ್ ಶೇ 3ರವರೆಗೆ ಇರಬಹುದು. ಕಾರ್ಬ್ಯುರೇಟರ್ ಟ್ಯೂನ್ ಮಾಡಿಸಿ ಪ್ಲಗ್ ಬದಲಿಸಿದರೆ ಬಹುಪಾಲು ಗಾಡಿಗಳು ಪಾರಾಗುತ್ತವೆ. ಮಾರುಕಟ್ಟೆಯ ಸರಕು ಗಾಡಿಗಳಲ್ಲಿ ಡೀಸೆಲ್ಲೇ ಹೆಚ್ಚಾದ್ದರಿಂದ ಮಾತು ಅಲ್ಲಿಗೇ ಮರಳಬೇಕು.

ಡೀಸೆಲ್ ಪರೀಕ್ಷೆಯಲ್ಲಿ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ತುಳಿಯುತ್ತಾರೆ. ಎಂಜಿನ್ ತನ್ನ ಗರಿಷ್ಠ ವೇಗಕ್ಕೆ ಏರಿ ಅಲ್ಲಿ ಗವರ್ನರ್ ತಡೆದಾಗ ಬಿಡುತ್ತಾರೆ. ಹೀಗೆ ಹಲವು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ಮೊದಲ ಕೆಲವು ತುಳಿತಗಳು ಲೆಕ್ಕಕ್ಕಲ್ಲ. ಅವು ಸೈಲೆನ್ಸರಿನಲ್ಲಿ ಕೂತ ಮಸಿಯನ್ನು ಊದಿ ಹೊರಹಾಕಲಿಕ್ಕೆ. ಎಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಬೇಕೆಂಬುದೂ ಕ್ರಮದಲ್ಲೇ ಸೇರಿದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಎದುರು ಬೀದಿಯಿಂದ ತಂದು ಹಾಗೆಯೇ ಪರೀಕ್ಷೆಗೆ ನಿಲ್ಲಿಸುವುದು ಮಾಲೀಕನು ತನಗೆ ತಾನೇ ಮಾಡಿಕೊಳ್ಳುವ ಅನ್ಯಾಯ. ತಣ್ಣಗಿನ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿಕೊಂಡು, ದಾರಿಯಲ್ಲಿ ಎಂಜಿನ್ನಿಗೆ ಸ್ವಲ್ಪ ಶ್ರಮ ಕೊಟ್ಟು ತಂದ ಗಾಡಿಯೇ ಎಷ್ಟೋ ಸಲ ಏನೂ ರಿಪೇರಿಯಿಲ್ಲದೆ ಪಾಸಾಗುತ್ತದೆ.

ಹೊಗೆಯ ಬಣ್ಣವನ್ನು ಹಳೆಯ ಮೆಕ್ಯಾನಿಕ್ಕುಗಳು ನಾಡಿ ಹಿಡಿದ ಹಾಗೆ ಓದುತ್ತಾರೆ. ನೀಲಿ ಬಣ್ಣವಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ: ಪಿಸ್ಟನ್ ರಿಂಗೋ ವಾಲ್ವ್ ಗೈಡೋ ಸವೆದಿದೆ. ‘ಗಾಡಿ ಬೋರಿಗೆ ಬಂದಿದೆ’ ಎಂಬ ಮಾತು ಆಗ ಹೊರಡುತ್ತದೆ, ಮಾಲೀಕನ ಮುಖ ಬಾಡುತ್ತದೆ, ಏಕೆಂದರೆ ಅದು ದೊಡ್ಡ ಖರ್ಚು. ಬಿಳಿಯ ಹೊಗೆ ತಣ್ಣಗಿನ ಎಂಜಿನ್ನಿನದು. ಬಿಸಿಯಾದ ಮೇಲೂ ಉಳಿದರೆ ಪಂಪಿನ ಟೈಮಿಂಗ್ ತಪ್ಪಿರಬಹುದು, ಇಲ್ಲವೇ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು. ಕಪ್ಪು ಹೊಗೆ ಎಲ್ಲಕ್ಕಿಂತ ಸಾಮಾನ್ಯ. ಅದರ ಅರ್ಥ ಸರಳ: ಬಂದ ಡೀಸೆಲ್ಲಿಗೆ ಸಾಕಷ್ಟು ಗಾಳಿ ಇಲ್ಲ, ಅಥವಾ ಇರುವ ಗಾಳಿಗೆ ಡೀಸೆಲ್ ಹೆಚ್ಚು. ಸೌದೆ ಒಲೆಗೆ ಒಮ್ಮೆಲೇ ನಾಲ್ಕು ಕೊಳ್ಳಿ ತುರುಕಿದಾಗ ಅಡುಗೆಮನೆ ಹೊಗೆಯಾಗುವುದೂ ಇದೇ ಕಾರಣಕ್ಕೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಎಲ್ಲಕ್ಕಿಂತ ಅಗ್ಗದ ವಸ್ತುವನ್ನು, ಅಂದರೆ ಏರ್ ಫಿಲ್ಟರನ್ನು. ಹಳ್ಳಿಯ ಮಣ್ಣುರಸ್ತೆಯಿಂದ ದಿನವೂ ಬರುವ ಗಾಡಿಯ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಆಮೇಲೆ ಡೀಸೆಲ್ ಫಿಲ್ಟರ್, ಟ್ಯಾಪೆಟ್ ಅಂತರ. ಇವುಗಳಿಂದ ಗುಣ ಕಾಣದಿದ್ದರೆ ನಾಝಲ್. ನಾಝಲ್ಲಿನ ಕೆಲಸ ಡೀಸೆಲ್ಲನ್ನು ಮಂಜಿನಂತೆ ಎರಚುವುದು. ಸವೆದ ನಾಝಲ್ ಎರಚುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿನ ಹೊರಮೈ ಉರಿದು ಒಳಗಿನದು ಮಸಿಯಾಗಿ ಹೊರಬೀಳುತ್ತದೆ. ನಾಝಲ್ ಬಿಚ್ಚಿ ಕೈಪಂಪಿನ ಮೇಲೆ ಪರೀಕ್ಷಿಸಿದರೆ ಕಣ್ಣಿಗೇ ಕಾಣುವ ದೋಷ ಇದು.

ಕಡೆಗೆ ಪಂಪ್. ಹಳೆಯ ಗಾಡಿಗಳ ಡೀಸೆಲ್ ಪಂಪಿಗೆ ಮೆಕ್ಯಾನಿಕ್ಕುಗಳ ಬಾಯಲ್ಲಿ ‘ಮೈಕೊ ಪಂಪ್’ ಎಂಬ ಹೆಸರು ಇನ್ನೂ ಉಳಿದಿದೆ. 1951ರಲ್ಲಿ ಸ್ಥಾಪನೆಯಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ಭಾಷೆ ಬದಲಾಗಿಲ್ಲ. ಪ್ರತಿ ಸಿಲಿಂಡರಿಗೂ ಸಮವಾಗಿ, ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ ಡೀಸೆಲ್ ಕಳಿಸುವಂತೆ ಪಂಪನ್ನು ಯಂತ್ರದ ಮೇಲೆ ಕೂರಿಸಿ ಹೊಂದಿಸುವುದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಈ ಪಂಪಿನ ಶತ್ರು. ಡೀಸೆಲ್ಲಿನ ಜಿಡ್ಡೇ ಪಂಪಿನ ಒಳಭಾಗಗಳಿಗೆ ಎಣ್ಣೆ. ಅದು ತೆಳುವಾದರೆ ಲೋಹ ಲೋಹವನ್ನು ತಿನ್ನುತ್ತದೆ.

ಎಲ್ಲರಿಗೂ ಗೊತ್ತಿರುವ, ಯಾರೂ ಗಟ್ಟಿಯಾಗಿ ಹೇಳದ ಉಪಾಯವೊಂದಿದೆ. ಪಂಪಿನ ಮೇಲೆ ಡೀಸೆಲ್ಲಿನ ಗರಿಷ್ಠ ಅಳತೆಯನ್ನು ನಿಗದಿಪಡಿಸುವ ತಿರುಪು ಇರುತ್ತದೆ. ಪರೀಕ್ಷೆಯ ದಿನ ಅದನ್ನು ಇಳಿಸಿದರೆ ಹೊಗೆ ತಿಳಿಯಾಗುತ್ತದೆ. ಚೀಟಿ ಸಿಕ್ಕ ಸಂಜೆ ಮತ್ತೆ ಏರಿಸಿದರೆ ಗಾಡಿ ಹಳೆಯ ‘ಪಿಕಪ್’ ಪಡೆಯುತ್ತದೆ, ಹೊಗೆಯನ್ನೂ ಪಡೆಯುತ್ತದೆ. ಇದು ಮೋಸವೆಂಬುದು ಹಾಗಿರಲಿ, ಲೆಕ್ಕದಲ್ಲಿಯೂ ಮೂರ್ಖತನ. ಕರಿಹೊಗೆಯೆಂದರೆ ದುಡ್ಡು ಕೊಟ್ಟು ಕೊಂಡು ಉರಿಸದೆ ಬಿಟ್ಟ ಡೀಸೆಲ್. ಮಿತಿಮೀರಿ ಹೇರಿದ ಸರಕನ್ನು ಎಳೆಯಲಿಕ್ಕೆಂದೇ ತಿರುಪು ಏರಿಸುವುದು ವಾಡಿಕೆಯಾದ್ದರಿಂದ ಬೇರು ಇರುವುದು ಪಂಪಿನಲ್ಲಲ್ಲ, ಹೇರಿನಲ್ಲಿ. ಬಾಡಿಗೆಯನ್ನು ಒಂದು ಟ್ರಿಪ್ಪಿಗೆ ಇಷ್ಟು ಎಂದು ಗೀಚಾಡಿ ಇಳಿಸುವ ವ್ಯಾಪಾರಿಗೂ ಇದರಲ್ಲಿ ಪಾಲಿದೆ.

ಪರೀಕ್ಷೆಯ ದೌರ್ಬಲ್ಯವೂ ಇಲ್ಲೇ ಇದೆ. ಖಾಲಿ ಗಾಡಿಯನ್ನು ನಿಂತಲ್ಲೇ ತುಳಿದು ನೋಡುವ ಯಂತ್ರಕ್ಕೆ ತುಂಬಿದ ಗಾಡಿ ಏರು ಹತ್ತುವಾಗ ಬಿಡುವ ಹೊಗೆ ಕಾಣುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ಆರಂಭವಾದ ಹೊಗೆ ತಪಾಸಣೆಯಲ್ಲಿ, ಹಲವು ನಗರ ಪ್ರದೇಶಗಳಲ್ಲಿ 1976ರಿಂದ 1999ರವರೆಗಿನ ಪೆಟ್ರೋಲ್ ಗಾಡಿಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಭಾರ ಕೊಟ್ಟು ಓಡಿಸಿ ನೋಡುತ್ತಾರೆ. 1975 ಮತ್ತು ಅದಕ್ಕೂ ಹಿಂದಿನವಕ್ಕೆ ಅಲ್ಲಿ ಪೂರ್ತಿ ವಿನಾಯಿತಿ! ನಮ್ಮಲ್ಲಿ ವಿನಾಯಿತಿ ಇಲ್ಲ, ಉರುಳೆಯೂ ಇಲ್ಲ. ಇನ್ನು ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳನ್ನು ಮತ್ತು ಅತಿ ಸೂಕ್ಷ್ಮ ಕಣಗಳನ್ನು ಬೆಳಕಿನ ಕೊಳವೆ ಸರಿಯಾಗಿ ಹಿಡಿಯಲಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು 2012ರಲ್ಲಿ. ಬೆಳಗಿನಿಂದ ಸಂಜೆಯವರೆಗೆ ಸೈಲೆನ್ಸರಿನ ಎತ್ತರದಲ್ಲೇ ಕುಳಿತು ಹೂ ಕಟ್ಟುವವರಿಗೆ ಇದು ದೂರದ ಮಾತಲ್ಲ.

ಕಾನೂನಿನ ಬಿಗಿಯಂತೂ ಹೆಚ್ಚಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಮಾಲಿನ್ಯ ಮಿತಿ ಮೀರಿದವರಿಗೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಈ ಚೀಟಿಯಿಲ್ಲದೆ ವಿಮೆ ನವೀಕರಿಸಬಾರದೆಂದಿತ್ತು. ಇದರಿಂದ ವಿಮೆಯೇ ಇಲ್ಲದ ಗಾಡಿಗಳು ಹೆಚ್ಚಿ ಅಪಘಾತಕ್ಕೆ ಸಿಕ್ಕವರಿಗೆ ಪರಿಹಾರ ಸಿಗದೆ ಹೋಗುವ ಆತಂಕ ಎದ್ದು, 2024ರ ಜುಲೈನಲ್ಲಿ ಆ ಷರತ್ತನ್ನು ಕೋರ್ಟೇ ತೆಗೆಯಿತು. ಚೀಟಿಯ ಕಡ್ಡಾಯ ಮಾತ್ರ ಹಾಗೆಯೇ ಇದೆ.

2021ರಲ್ಲಿ ದೇಶಕ್ಕೆಲ್ಲ ಒಂದೇ ಮಾದರಿಯ ಪ್ರಮಾಣಪತ್ರ ಬಂತು. ನಪಾಸಾದ ಗಾಡಿಗೆ ಅಂಕ ನಮೂದಿಸಿದ ತಿರಸ್ಕಾರ ಚೀಟಿ ಕೊಡುವ ವ್ಯವಸ್ಥೆಯೂ ಅದರ ಜೊತೆಗೇ ಬಂತು. ಅದನ್ನು ಗ್ಯಾರೇಜಿನವನ ಕೈಗೆ ಕೊಟ್ಟು ರಿಪೇರಿ ಮಾಡಿಸಬಹುದು. ಪಾಸಾದ ಚೀಟಿಯನ್ನೂ ಬಹಳ ಮಂದಿ ಮಡಿಚಿ ಗಾಡಿಯ ಗೂಡಿನಲ್ಲಿಟ್ಟು ಮರೆಯುತ್ತಾರೆ. ಹಿಂದಿನ ಮೂರು ನಾಲ್ಕು ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಂಡು ಅಂಕಗಳನ್ನು ಹೋಲಿಸಿ ನೋಡುವುದು ಕಷ್ಟವೇನಲ್ಲ. ಕಳೆದ ವರ್ಷ 38 ಇದ್ದದ್ದು ಆಮೇಲೆ 46 ಆಗಿ ಈಗ 57 ಎಂದಿದ್ದರೆ ಗಾಡಿ ಪಾಸಾಗಿದೆ ನಿಜ. ಆದರೆ ನಾಝಲ್ ಬಿಚ್ಚಿಸುವ ಹೊತ್ತೂ ಬಂದಿದೆ.